ಕಫದಲ್ಲಿ ಕಂಡ ಕೆಂಪು ಕಡ್ಡಿಗಳೆಲ್ಲ ಟಿಬಿ ಅಲ್ಲ

ವಾರಗಟ್ಟಲೆ ಬಿಡದ ಕೆಮ್ಮು, ಸಂಜೆಯಾದರೆ ಸಣ್ಣ ಜ್ವರ, ಇಳಿಯುತ್ತಲೇ ಇರುವ ತೂಕ. ನಮ್ಮಲ್ಲಿ ಇಷ್ಟು ಕೇಳಿದರೆ ಯಾರಿಗಾದರೂ ಮೊದಲು ನೆನಪಾಗುವುದು ಟಿಬಿ. ಅದು ಸರಿಯೇ. ಪ್ರಪಂಚದ ಟಿಬಿ ರೋಗಿಗಳಲ್ಲಿ ಸುಮಾರು ಕಾಲು ಭಾಗ ಇರುವುದು ಭಾರತದಲ್ಲಿ. ಮೊದಲು ಹುಡುಕಬೇಕಾದದ್ದು ಟಿಬಿಯನ್ನೇ. ಆದರೆ ಕಫದಲ್ಲಿ ಕಂಡದ್ದು ಟಿಬಿ ಬ್ಯಾಕ್ಟೀರಿಯಾನೇ ಅಂತ ಹೇಗೆ ಗೊತ್ತಾಯಿತು? ಈ ಪ್ರಶ್ನೆಯನ್ನು ಕೇಳದೆ ಬಿಟ್ಟಾಗ ಕೆಲವರು ತಮಗಿಲ್ಲದ ಕಾಯಿಲೆಗೆ ತಿಂಗಳುಗಟ್ಟಲೆ ಮಾತ್ರೆ ನುಂಗಬೇಕಾಗುತ್ತದೆ.

ಹಳೆಯ, ಈಗಲೂ ಬಳಕೆಯಲ್ಲಿರುವ ಕಫ ಪರೀಕ್ಷೆ ಹೀಗಿದೆ. ಗಾಜಿನ ಸ್ಲೈಡಿನ ಮೇಲೆ ಕಫ ಸವರಿ, ಕೆಂಪು ಬಣ್ಣ ಹಾಕಿ ಬಿಸಿ ಮಾಡುತ್ತಾರೆ. ಆಮೇಲೆ ಆಸಿಡ್ ಹಾಕಿ ತೊಳೆಯುತ್ತಾರೆ. ಬೇರೆ ಬ್ಯಾಕ್ಟೀರಿಯಾಗಳ ಬಣ್ಣ ಹೋಗಿಬಿಡುತ್ತದೆ. ಟಿಬಿ ಬ್ಯಾಕ್ಟೀರಿಯಾದ ಬಣ್ಣ ಹೋಗುವುದಿಲ್ಲ. ಅದರ ಹೊರಗೋಡೆ ಮೇಣದಂಥ ಕೊಬ್ಬಿನಿಂದ ಆಗಿದೆ, ಹಿಡಿದ ಬಣ್ಣವನ್ನು ಅದು ಬಿಡುವುದಿಲ್ಲ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ನೀಲಿ ಹಿನ್ನೆಲೆಯ ಮೇಲೆ ಸಣ್ಣ ಕೆಂಪು ಕಡ್ಡಿಗಳು ಕಾಣುತ್ತವೆ.

ತೊಡಕಿರುವುದು ಇಲ್ಲೇ. ಈ ಮೇಣದ ಗೋಡೆ ಮೈಕೋಬ್ಯಾಕ್ಟೀರಿಯಂ ಎಂಬ ಇಡೀ ಕುಲಕ್ಕೆ ಇದೆ. ಅದರಲ್ಲಿ ಸುಮಾರು 200 ಬಗೆಗಳಿವೆ. 1873ರಲ್ಲಿ ಹ್ಯಾನ್ಸನ್ ಕಂಡ ಕುಷ್ಠದ ಬ್ಯಾಕ್ಟೀರಿಯಾ, 1882ರಲ್ಲಿ ರಾಬರ್ಟ್ ಕಾಕ್ ತೋರಿಸಿಕೊಟ್ಟ ಟಿಬಿ ಬ್ಯಾಕ್ಟೀರಿಯಾ ಮತ್ತು ಅವುಗಳ ಹತ್ತಿರದ ನೆಂಟರನ್ನು ಬಿಟ್ಟರೆ, ಉಳಿದದ್ದಕ್ಕೆಲ್ಲ ಒಟ್ಟಾಗಿ ನಾನ್‌ಟ್ಯೂಬರ್ಕ್ಯುಲಸ್ ಮೈಕೋಬ್ಯಾಕ್ಟೀರಿಯಾ ಎನ್ನುತ್ತಾರೆ. ಡಾಕ್ಟರುಗಳ ಬಾಯಲ್ಲಿ ಅದು ಎನ್‌ಟಿಎಂ. ಶ್ವಾಸಕೋಶಕ್ಕೆ ತೊಂದರೆ ಕೊಡುವವುಗಳಲ್ಲಿ ಮುಖ್ಯವಾದವು ಏವಿಯಂ ಗುಂಪು, ಅಬ್ಸೆಸಸ್ ಮತ್ತು ಕನ್ಸಾಸಿ. ಮೈಕ್ರೋಸ್ಕೋಪಿನಲ್ಲಿ ಇವೂ ಕೆಂಪು ಕಡ್ಡಿಗಳೇ. ಎಷ್ಟೇ ಅನುಭವ ಇರುವವರಾದರೂ ಬರೀ ಕಣ್ಣಲ್ಲಿ ನೋಡಿ ಬೇರೆ ಮಾಡಿ ಹೇಳಲು ಆಗುವುದಿಲ್ಲ.

ಟಿಬಿ ಬ್ಯಾಕ್ಟೀರಿಯಾಕ್ಕೆ ಬದುಕಲು ಮನುಷ್ಯನ ಮೈ ಬೇಕು. ಎನ್‌ಟಿಎಂಗೆ ಹಾಗಿಲ್ಲ. ಅವುಗಳ ಮನೆ ಮಣ್ಣು ಮತ್ತು ನೀರು. ಕೆರೆ, ಹೊಳೆ, ತೋಟದ ಮಣ್ಣು, ಓವರ್‌ಹೆಡ್ ಟ್ಯಾಂಕ್, ನಲ್ಲಿಯ ಪೈಪು, ಎಲ್ಲ ಕಡೆ ಇರುತ್ತವೆ. ಕೆಸುವಿನ ಎಲೆಗೆ ನೀರು ಅಂಟುವುದಿಲ್ಲ ಅಲ್ವಾ, ಈ ಮೇಣದ ಮೈಗೂ ಹಾಗೆಯೇ. ಅದಕ್ಕೇ ಅವು ನೀರಿನ ಮೇಲ್ಪದರಕ್ಕೆ ಬಂದು ಸೇರುತ್ತವೆ, ಇಲ್ಲವೇ ಪೈಪಿನ ಒಳಗೋಡೆಯ ಲೋಳೆಯಲ್ಲಿ ನೆಲೆಯೂರುತ್ತವೆ. ಮೇಲ್ಪದರದ ಗುಳ್ಳೆ ಒಡೆದಾಗ ಗಾಳಿಗೆ ಚಿಮ್ಮುವ ಹನಿಯಲ್ಲಿ ಅವುಗಳ ಸಾಂದ್ರತೆ ಕೆಳಗಿನ ನೀರಿಗಿಂತ ಎಷ್ಟೋ ಜಾಸ್ತಿ ಇರುತ್ತದೆ. ಅಂಥ ಹನಿ ಶ್ವಾಸಕೋಶದ ಆಳಕ್ಕೆ ಇಳಿಯುವಷ್ಟು ಸಣ್ಣದು.

ಕ್ಲೋರಿನ್ ಇವುಗಳಿಗೆ ಅಷ್ಟಾಗಿ ತಾಗುವುದಿಲ್ಲ. ಕರುಳಿನ ಬ್ಯಾಕ್ಟೀರಿಯಾ ಇ. ಕೋಲಿ ಸಾಯುವ ಪ್ರಮಾಣದ ನೂರಾರು ಪಟ್ಟು ಹಾಕಿದರೂ ಏವಿಯಂ ತಡೆದುಕೊಳ್ಳಬಲ್ಲದು. ನೀರು ಶುದ್ಧ ಮಾಡುವಾಗ ಇವುಗಳ ಪೈಪೋಟಿದಾರರೆಲ್ಲ ಸತ್ತು, ಪೈಪಿನಲ್ಲಿ ಇವಕ್ಕೆ ಜಾಗ ಸಿಗುತ್ತದೆ. ಕ್ಲೋರಿನ್ ಬೇಡ ಎಂದು ಯಾರೂ ಇದರ ಅರ್ಥ ಮಾಡಿಕೊಳ್ಳಬಾರದು. ಕಾಲರಾ, ಟೈಫಾಯಿಡ್‌ಗಳಿಂದ ನಮ್ಮನ್ನು ಕಾಯುತ್ತಿರುವುದು ಅದೇ. 2009ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ನಾರ್ಮನ್ ಪೇಸ್ ಅವರ ತಂಡ ಹಲವು ನಗರಗಳ ಶವರ್‌ಗಳ ಒಳಗಿನ ಲೋಳೆ ಪರೀಕ್ಷಿಸಿತು. ಒಳಬರುವ ನೀರಿಗಿಂತ ಆ ಲೋಳೆಯಲ್ಲಿ ಮೈಕೋಬ್ಯಾಕ್ಟೀರಿಯಾ ನೂರು ಪಟ್ಟಿಗೂ ಜಾಸ್ತಿ ಇದ್ದ ಉದಾಹರಣೆಗಳು ಸಿಕ್ಕವು.

ನನಗೆ ಎಲ್ಲಕ್ಕಿಂತ ಅಚ್ಚರಿ ಎನಿಸುವುದು ಇನ್ನೊಂದು ಸಂಗತಿ. ನೀರಿನಲ್ಲಿ ಅಮೀಬಾಗಳು ಬ್ಯಾಕ್ಟೀರಿಯಾಗಳನ್ನು ನುಂಗಿ ಬದುಕುತ್ತವೆ. ಏವಿಯಂ ಅಮೀಬಾದ ಹೊಟ್ಟೆಯಲ್ಲೂ ಜೀರ್ಣವಾಗದೆ ಉಳಿಯುತ್ತದೆ, ಅಲ್ಲೇ ಬೆಳೆಯುತ್ತದೆ. ನಮ್ಮ ಶ್ವಾಸಕೋಶದಲ್ಲಿ ಕಾವಲಿರುವ ಮ್ಯಾಕ್ರೋಫೇಜ್ ಕೋಶಗಳೂ ಬ್ಯಾಕ್ಟೀರಿಯಾಗಳನ್ನು ನುಂಗಿಯೇ ಕೊಲ್ಲುವುದು. ಆ ಕೋಶದೊಳಗೆ ಬದುಕುವ ವಿದ್ಯೆಯನ್ನು ಈ ಜೀವಿ ಮನುಷ್ಯನನ್ನು ಕಾಣುವ ಮೊದಲೇ, ಅಮೀಬಾದ ಒಳಗೆ ಕಲಿತಿರಬೇಕು ಎಂದು ವಿಜ್ಞಾನಿಗಳು ಹೇಳುತ್ತಾರೆ.

ದಕ್ಷಿಣ ಭಾರತದವರಿಗೂ ಇವುಗಳಿಗೂ ಹಳೆಯ ನಂಟಿದೆ. ತಮಿಳುನಾಡಿನ ಚೆಂಗಲ್ಪಟ್ಟು ಜಿಲ್ಲೆಯಲ್ಲಿ 1968ರಲ್ಲಿ ಟಿಬಿ ತಡೆಯಲೆಂದು ಕೊಡುವ ಬಿಸಿಜಿ ಲಸಿಕೆಯ ದೊಡ್ಡ ಪ್ರಯೋಗ ಶುರುವಾಯಿತು. ಲಕ್ಷಾಂತರ ಜನ ಅದರಲ್ಲಿದ್ದರು. ದೊಡ್ಡವರ ಶ್ವಾಸಕೋಶದ ಟಿಬಿಗೆ ಲಸಿಕೆ ತಡೆಯಾಗಲಿಲ್ಲ ಎಂಬ ಫಲಿತಾಂಶ 1979ರಲ್ಲಿ ಹೊರಬಂದಾಗ ಪ್ರಪಂಚವೇ ಬೆಚ್ಚಿತು. ಯಾಕೆ ಹೀಗಾಯಿತು ಎಂಬುದಕ್ಕೆ ಕೊಡುವ ವಿವರಣೆಗಳಲ್ಲಿ ಒಂದು ಇದು: ಅಲ್ಲಿನ ಜನರ ಮೈಗೆ ಮಣ್ಣು ನೀರಿನ ಮೈಕೋಬ್ಯಾಕ್ಟೀರಿಯಾಗಳ ಪರಿಚಯ ಮೊದಲೇ ಆಗಿತ್ತು, ಹೊಸದಾಗಿ ಲಸಿಕೆ ಕಲಿಸುವುದು ಹೆಚ್ಚೇನೂ ಉಳಿದಿರಲಿಲ್ಲ. ಪುಟ್ಟ ಮಕ್ಕಳನ್ನು ಟಿಬಿಯ ಮೆದುಳು ಜ್ವರದಿಂದ ಕಾಪಾಡುತ್ತದೆ ಎಂಬ ಕಾರಣಕ್ಕೆ ಬಿಸಿಜಿಯನ್ನು ಇವತ್ತಿಗೂ ಕೊಡುತ್ತಿದ್ದೇವೆ.

ಇಷ್ಟೆಲ್ಲ ಕಡೆ ಇದ್ದರೂ ಎಲ್ಲರಿಗೂ ಕಾಯಿಲೆ ಯಾಕೆ ಬರುವುದಿಲ್ಲ? ಗಟ್ಟಿ ಶ್ವಾಸಕೋಶ ಇವುಗಳನ್ನು ಕಫದ ಜೊತೆ ಹೊರಗೆ ತಳ್ಳಿಬಿಡುತ್ತದೆ. ಶ್ವಾಸನಾಳ ಹಿಗ್ಗಿ ಕಫ ನಿಲ್ಲುವವರಲ್ಲಿ, ಸಿಒಪಿಡಿ ಎಂಬ, ಶ್ವಾಸನಾಳ ಕಿರಿದಾಗಿ ಉಸಿರು ಕಟ್ಟುವ ದೀರ್ಘಕಾಲದ ಕಾಯಿಲೆ ಇರುವವರಲ್ಲಿ, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತೆಗೆದುಕೊಳ್ಳುವವರಲ್ಲಿ ಅವು ಬೇರೂರುತ್ತವೆ. ಸಿಗರೇಟು ಮುಟ್ಟದ, ತೆಳ್ಳಗಿನ ಮೈಕಟ್ಟಿನ, ವಯಸ್ಸಾದ ಹೆಂಗಸರಲ್ಲೂ ಏವಿಯಂ ಕಾಯಿಲೆ ಬರುವುದುಂಟು. ನಮ್ಮ ದೇಶದಲ್ಲಿ ದೊಡ್ಡ ಕಾರಣ ಹಳೆಯ ಟಿಬಿ. ಟಿಬಿ ವಾಸಿಯಾದರೂ ಶ್ವಾಸಕೋಶದಲ್ಲಿ ಗಾಯದ ಕಲೆ, ಪೊಳ್ಳು ಉಳಿಯುತ್ತವೆ. ಎನ್‌ಟಿಎಂಗೆ ಅದು ಒಳ್ಳೆಯ ಜಾಗ.

ಹಾಗಾಗಿಯೇ ಗೊಂದಲ. ಹಿಂದೆ ಟಿಬಿ ಆಗಿದ್ದವರಿಗೆ ಮತ್ತೆ ಕೆಮ್ಮು ಬರುತ್ತದೆ, ಕಫದಲ್ಲಿ ಮತ್ತೆ ಕೆಂಪು ಕಡ್ಡಿ ಕಾಣುತ್ತದೆ. ಟಿಬಿ ಮರುಕಳಿಸಿತು ಅಂದುಕೊಂಡು ಆರು ತಿಂಗಳ ಔಷಧಿ ಮತ್ತೆ ಶುರು. ಅದರಲ್ಲಿರುವ ಐಸೋನಿಯಾಜಿಡ್, ಪೈರಾಜಿನಮೈಡ್‌ಗಳಿಗೆ ಹೆಚ್ಚಿನ ಎನ್‌ಟಿಎಂಗಳು ಜಗ್ಗುವುದಿಲ್ಲ. ಕಡ್ಡಿಗಳು ಹೋಗುವುದಿಲ್ಲ. ಆಗ ಬರುವ ಅನುಮಾನ ಎಂಡಿಆರ್, ಅಂದರೆ ಔಷಧಿಗೆ ಬಗ್ಗದ ಟಿಬಿ. ಆ ಚಿಕಿತ್ಸೆಯಲ್ಲಿ ಹಿಂದೆಲ್ಲ ಕನಮೈಸಿನ್ ಇಂಜೆಕ್ಷನ್ ಇರುತ್ತಿತ್ತು. ಅದರಿಂದ ಕಿವಿ ಕೇಳಿಸದಂತಾದವರು ಇದ್ದಾರೆ. ಬೇರೆ ಕಾಯಿಲೆಯ ಔಷಧಿಗಾಗಿ ಒಬ್ಬ ಮನುಷ್ಯ ಕಿವಿ ಕಳೆದುಕೊಳ್ಳುವುದು ಎಂದರೆ ಅದಕ್ಕಿಂತ ದೊಡ್ಡ ಅನ್ಯಾಯ ಯಾವುದು?

ಈಗ ಇದನ್ನು ತಪ್ಪಿಸುವ ದಾರಿಗಳಿವೆ. ಸಿಬಿನ್ಯಾಟ್ ಯಂತ್ರ, ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನಲ್ಲಿ ರೂಪುಗೊಂಡ ಟ್ರೂನ್ಯಾಟ್ ಯಂತ್ರ, ಇವೆರಡೂ ಟಿಬಿ ಬ್ಯಾಕ್ಟೀರಿಯಾದ ಡಿಎನ್‌ಎಯನ್ನೇ ಹುಡುಕುತ್ತವೆ. ಮೈಕ್ರೋಸ್ಕೋಪಿನಲ್ಲಿ ಕಡ್ಡಿ ಧಾರಾಳವಾಗಿ ಕಂಡು, ಇಲ್ಲಿ ಮಾತ್ರ ಟಿಬಿ ಇಲ್ಲ ಎಂದು ಬಂದರೆ ಎನ್‌ಟಿಎಂ ಇರಬಹುದು ಎಂದು ಯೋಚಿಸಲೇಬೇಕು. ಆಮೇಲಿನ ಹೆಜ್ಜೆ ಕಲ್ಚರ್. ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ಅದು ಯಾವ ಬಗೆ ಎಂದು ಗುರುತಿಸುತ್ತಾರೆ. ಇದಕ್ಕೆ ವಾರಗಳು ಹಿಡಿಯುತ್ತವೆ, ಕಾಯಲೇಬೇಕು.

ಒಂದು ಸಲ ಎನ್‌ಟಿಎಂ ಬೆಳೆದ ಮಾತ್ರಕ್ಕೆ ಕಾಯಿಲೆ ಇದೆ ಎಂದೂ ಅಲ್ಲ. ನಲ್ಲಿ ನೀರಿನಲ್ಲಿ ಬಾಯಿ ಮುಕ್ಕಳಿಸಿ ಕಫ ಕೊಟ್ಟರೂ ನೀರಿನ ಬ್ಯಾಕ್ಟೀರಿಯಾ ಅದರಲ್ಲಿ ಸೇರಬಹುದು. ಬೇರೆ ಬೇರೆ ಸಲ ಕೊಟ್ಟ ಕನಿಷ್ಠ ಎರಡು ಕಫದಲ್ಲಿ ಒಂದೇ ಬಗೆ ಸಿಗಬೇಕು, ರೋಗಲಕ್ಷಣ ಇರಬೇಕು, ಎಕ್ಸ್‌ರೇ ಅಥವಾ ಸಿಟಿ ಸ್ಕ್ಯಾನಿನಲ್ಲಿ ಅದಕ್ಕೆ ಹೊಂದುವ ಬದಲಾವಣೆ ಕಾಣಬೇಕು. ಇಷ್ಟಾದ ಮೇಲೂ ಕೆಲವರಿಗೆ ಔಷಧಿ ಕೊಡದೆ, ನಿಗಾ ಇಟ್ಟು ನೋಡುತ್ತಾರೆ.

ಯಾಕೆಂದರೆ ಚಿಕಿತ್ಸೆ ಹಗುರವಲ್ಲ. ಏವಿಯಂ ಗುಂಪಿಗೆ ಅಜಿಥ್ರೋಮೈಸಿನ್, ರಿಫಾಂಪಿಸಿನ್, ಎಥಾಂಬುಟಾಲ್ ಒಟ್ಟಿಗೆ. ಕಫದ ಕಲ್ಚರಿನಲ್ಲಿ ಬ್ಯಾಕ್ಟೀರಿಯಾ ಕಾಣದಂತಾದ ದಿನದಿಂದ ಲೆಕ್ಕ ಹಾಕಿ ಕನಿಷ್ಠ 12 ತಿಂಗಳು. ಎಥಾಂಬುಟಾಲ್ ಕಣ್ಣಿಗೆ ತೊಂದರೆ ಮಾಡಬಹುದು, ಕೆಂಪು ಹಸಿರು ಬಣ್ಣ ಮಸುಕಾದರೆ ತಕ್ಷಣ ಡಾಕ್ಟರಿಗೆ ಹೇಳಬೇಕು. ಕನ್ಸಾಸಿ ಟಿಬಿ ಔಷಧಿಗಳಿಗೆ ಸಾಕಷ್ಟು ಬಗ್ಗುತ್ತದೆ. ಅಬ್ಸೆಸಸ್ ಬಹಳ ಹಟಮಾರಿ, ತಿಂಗಳುಗಟ್ಟಲೆ ಇಂಜೆಕ್ಷನ್ ಬೇಕಾಗಬಹುದು.

ರೋಗಿಯ ಮನೆಯವರಿಗೆ ಒಂದು ಮಾತು. ಎನ್‌ಟಿಎಂ ಸಾಮಾನ್ಯವಾಗಿ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಹುಟ್ಟುಕಾಯಿಲೆ ಇರುವವರ ನಡುವೆ ಅಬ್ಸೆಸಸ್ ಹರಡಿದ ಪುರಾವೆ ಇದೆ, ಅದು ಬೇರೆಯೇ ಸಂದರ್ಭ. ತಟ್ಟೆ ಲೋಟ ಬೇರೆ ಇಡುವ, ಮೊಮ್ಮಕ್ಕಳನ್ನು ಹತ್ತಿರ ಬಿಡದಿರುವ ಅಗತ್ಯ ಇಲ್ಲ. ಟಿಬಿ ಅಲ್ಲ ಎಂದು ಖಚಿತವಾದ ಮೇಲೂ ಮನೆಯ ಮೂಲೆಯಲ್ಲಿ ಒಬ್ಬರೇ ಕೂತಿರುವವರನ್ನು ನೆನೆದರೆ ಸಂಕಟವಾಗುತ್ತದೆ.

ವಾಸಿಯಾದವರಿಗೂ ಇದು ಮತ್ತೆ ಬರಬಹುದು. ಎಷ್ಟೋ ಸಲ ಅದು ಹಳೆಯದರ ಉಳಿಕೆಯಲ್ಲ, ಸುತ್ತಲಿನಿಂದ ಹೊಸದಾಗಿ ಬಂದದ್ದು. ಹಾಗಾಗಿ ಶ್ವಾಸಕೋಶ ಮೊದಲೇ ಹಾಳಾಗಿರುವವರು ಶವರ್ ಬದಲು ಬಕೆಟ್ಟಿನಲ್ಲಿ ನೀರು ಹಿಡಿದು ಸ್ನಾನ ಮಾಡುವುದು, ಬಚ್ಚಲಿನ ಕಿಟಕಿ ತೆರೆದಿಡುವುದು, ಒಣ ಮಣ್ಣು ಗೊಬ್ಬರ ಕೆದಕುವಾಗ ಮಾಸ್ಕ್ ಹಾಕುವುದು ಒಳ್ಳೆಯದು. ದಿನಾ ಕಫ ಹೊರಹಾಕುವ ಉಸಿರಾಟದ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಕಲಿಯಬೇಕು. ಔಷಧಿಯನ್ನು ಮಂಜಿನಂತೆ ಮಾಡಿ ಉಸಿರಿಗೆ ಕೊಡುವ ನೆಬ್ಯುಲೈಸರ್ ಯಂತ್ರದ ಬಟ್ಟಲನ್ನು ನಲ್ಲಿ ನೀರಿನಲ್ಲಿ ಸುಮ್ನೆ ತೊಳೆದು ಇಟ್ಟರೆ ಸಾಲದು, ಕಂಪನಿ ಹೇಳಿದ ಹಾಗೆ ಸ್ಟೆರಿಲೈಸ್ ಮಾಡಿ ಪೂರ್ತಿ ಒಣಗಿಸಬೇಕು. ಅದರೊಳಗೆ ನಲ್ಲಿ ನೀರನ್ನಂತೂ ಹಾಕಲೇಬಾರದು.