ದೊಡ್ಡ ಬ್ರೇಕ್, ಸಣ್ಣ ಸಂದು

ಕಾರಿನ ಎಂಜಿನ್ ಪವರ್ ಹೆಚ್ಚಿಸಿಕೊಂಡವರು ಮುಂದೆ ಕೈ ಹಾಕುವುದು ಬ್ರೇಕಿಗೆ. ಅದು ಸರಿಯಾದ ಕೆಲಸವೇ. ಆದರೆ ಯಾಕೆ ಬದಲಿಸುತ್ತಿದ್ದೀರಿ ಎಂದು ಕೇಳಿ ನೋಡಿ. "ದೊಡ್ಡ ಡಿಸ್ಕ್, ಆರು ಪಿಸ್ಟನ್ ಕ್ಯಾಲಿಪರ್ ಹಾಕಿದರೆ ಗಾಡಿ ಬೇಗ ನಿಲ್ಲುತ್ತೆ ಅಲ್ವಾ" ಅನ್ನುತ್ತಾರೆ. ಡಿಸ್ಕ್ ಅಂದರೆ ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆ. ಕ್ಯಾಲಿಪರ್ ಅದನ್ನು ಎರಡೂ ಕಡೆಯಿಂದ ಹಿಡಿಯುವ ಇಕ್ಕಳ, ಅದರೊಳಗಿನ ಪಿಸ್ಟನ್‌ಗಳು ಪ್ಯಾಡುಗಳನ್ನು ಡಿಸ್ಕಿಗೆ ಒತ್ತುತ್ತವೆ. ಇವನ್ನು ದೊಡ್ಡದು ಮಾಡಿದರೆ ಕಾರು ಬೇಗ ನಿಲ್ಲುತ್ತದಾ? ಇಲ್ಲ, ಹಾಗೇನೂ ಆಗುವುದಿಲ್ಲ. ಈ ಒಂದು ತಪ್ಪು ನಂಬಿಕೆಯಿಂದ ಜನ ಬೇಡದ್ದಕ್ಕೆ ದುಡ್ಡು ಸುರಿದು ಬೇಕಾದ್ದನ್ನು ಮರೆಯುವುದನ್ನು ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ.

ಕಾರನ್ನು ನಿಲ್ಲಿಸುವುದು ಟೈರ್. ಬ್ರೇಕ್ ಚಕ್ರವನ್ನು ಹಿಡಿಯುತ್ತದೆ, ಟೈರ್ ರಸ್ತೆಯನ್ನು ಹಿಡಿಯುತ್ತದೆ. ಎರಡರಲ್ಲಿ ಯಾವುದು ಮೊದಲು ಸೋಲುತ್ತದೋ ಅದೇ ಮಿತಿ. ಖಾಲಿಯಾದ, ಒಣಗಿದ ಜಾಗದಲ್ಲಿ ಪೆಡಲನ್ನು ಬಲವಾಗಿ ಒತ್ತಿದಾಗ ಅದು ಕಾಲ ಕೆಳಗೆ ಗಡಗಡ ನಡುಗಿದರೆ ಎಬಿಎಸ್, ಅಂದರೆ ಚಕ್ರ ಲಾಕ್ ಆಗಿ ಜಾರದಂತೆ ತಡೆಯುವ ವ್ಯವಸ್ಥೆ, ಕೆಲಸ ಶುರು ಮಾಡಿದೆ ಎಂದು ಅರ್ಥ. ಟೈರ್ ತಡೆದುಕೊಳ್ಳುವುದಕ್ಕಿಂತ ಜಾಸ್ತಿ ಬಲ ನಿಮ್ಮ ಹಳೆಯ ಬ್ರೇಕಿನಲ್ಲೇ ಇದೆ. ಅದರ ಮೇಲೆ ಇನ್ನೂ ಬಲ ಹೇರಿದರೆ ಎಬಿಎಸ್ ಸ್ವಲ್ಪ ಬೇಗ ನಡುಗುತ್ತದೆ, ಅಷ್ಟೇ.

ಲೆಕ್ಕ ಬಹಳ ಸರಳ. ಕಾರಿನ ತೂಕ ಎಷ್ಟೋ ಅಷ್ಟೇ ಬಲದಿಂದ ಟೈರ್ ರಸ್ತೆಯನ್ನು ಹಿಡಿಯುತ್ತದೆ ಎಂದುಕೊಳ್ಳಿ. ಒಳ್ಳೆಯ ಟೈರ್, ಒಣ ಡಾಂಬರು ಇದ್ದರೆ ಇದು ಹೆಚ್ಚುಕಡಿಮೆ ನಿಜ. ಆಗ ಗಂಟೆಗೆ 100 ಕಿ.ಮೀ. ವೇಗದಿಂದ ಪೂರ್ತಿ ನಿಲ್ಲಲು ಸುಮಾರು 39 ಮೀಟರ್ ಬೇಕು, 3 ಸೆಕೆಂಡಿಗಿಂತ ಸ್ವಲ್ಪ ಕಡಿಮೆ ಹೊತ್ತು ಹಿಡಿಯುತ್ತದೆ. ಈ ಲೆಕ್ಕದಲ್ಲಿ ಡಿಸ್ಕಿನ ಅಳತೆ ಎಲ್ಲೂ ಬರುವುದೇ ಇಲ್ಲ. ಪಿಸ್ಟನ್ ಎಷ್ಟಿವೆ ಎಂಬುದೂ ಬರುವುದಿಲ್ಲ.

ಹಾಗಾದರೆ ದೊಡ್ಡ ಬ್ರೇಕ್ ಯಾಕೆ ಬೇಕು? ಬಿಸಿಗೋಸ್ಕರ. ನನಗೆ ಇಡೀ ವಿಷಯದಲ್ಲಿ ಅತಿ ಇಷ್ಟವಾದ ಭಾಗ ಇದು.

ಓಡುವ ಕಾರಿನಲ್ಲಿರುವ ಶಕ್ತಿ ಎಲ್ಲೂ ಮಾಯವಾಗುವುದಿಲ್ಲ. ಬ್ರೇಕ್ ಅದನ್ನು ಬಿಸಿಯಾಗಿ ಬದಲಿಸುತ್ತದೆ. 1500 ಕೆಜಿಯ ಕಾರು 100 ಕಿ.ಮೀ. ವೇಗದಲ್ಲಿದ್ದರೆ ಅದರಲ್ಲಿ ಸುಮಾರು 5,80,000 ಜೌಲ್ ಶಕ್ತಿ ಇರುತ್ತದೆ. ಅಷ್ಟು ಶಕ್ತಿಯಲ್ಲಿ ಒಂದೂಮುಕ್ಕಾಲು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಬಹುದು. ಒಲೆಯ ಮೇಲೆ ಅದಕ್ಕೆ ಎಷ್ಟು ಹೊತ್ತು ಬೇಕು ಯೋಚಿಸಿ. ಬ್ರೇಕ್ ಆ ಕೆಲಸವನ್ನು 3 ಸೆಕೆಂಡಿನಲ್ಲಿ ಮುಗಿಸುತ್ತದೆ! ವೇಗ 200 ಆದರೆ ಶಕ್ತಿ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಹತ್ತಿರ ಹತ್ತಿರ 7 ಲೀಟರ್ ನೀರು.

ಡಿಸ್ಕನ್ನು ಒಂದು ಬಕೆಟ್ ಅಂದುಕೊಳ್ಳಿ. ಬಿಸಿ ಅಂದರೆ ನೀರು. ಬ್ರೇಕ್ ಒತ್ತಿದಾಗ ದೊಡ್ಡ ನಲ್ಲಿ ಮೂರು ಸೆಕೆಂಡು ಭರ್ರನೆ ತೆರೆದುಕೊಳ್ಳುತ್ತದೆ. ಬಕೆಟ್ಟಿನ ತಳದಲ್ಲಿ ಸಣ್ಣ ತೂತಿದೆ, ಗಾಳಿ ಬಿಸಿಯನ್ನು ಒಯ್ಯುವುದು ಆ ತೂತಿನಿಂದ. ನಲ್ಲಿ ಬಿಟ್ಟಷ್ಟು ಬೇಗ ತೂತಿನಿಂದ ಹೋಗುವುದಿಲ್ಲ. ಹಾಗಾಗಿ ಆ ಮೂರು ಸೆಕೆಂಡು ಪೂರ್ತಿ ಬಕೆಟ್ಟೇ ಹೊತ್ತುಕೊಳ್ಳಬೇಕು. ದೊಡ್ಡ ಡಿಸ್ಕ್ ಅಂದರೆ ದೊಡ್ಡ ಬಕೆಟ್. ಒಂದೇ ಸಲ ನಲ್ಲಿ ತೆರೆದರೆ ಚಿಕ್ಕ ಬಕೆಟ್ಟೂ ತುಂಬುವುದಿಲ್ಲ, ದೊಡ್ಡದೂ ತುಂಬುವುದಿಲ್ಲ, ವ್ಯತ್ಯಾಸವೇ ಕಾಣುವುದಿಲ್ಲ. ಮತ್ತೆ ಮತ್ತೆ ತೆರೆದಾಗ ಚಿಕ್ಕದು ತುಂಬಿ ಚೆಲ್ಲುತ್ತದೆ. ಬೆಟ್ಟದ ಹಾದಿ ಒಂದೇ ಸಮ ಇಳಿಯುವವರಿಗೆ, ರೇಸ್ ಟ್ರ್ಯಾಕಿನಲ್ಲಿ ಓಡಿಸುವವರಿಗೆ ದೊಡ್ಡ ಬ್ರೇಕ್ ಬೇಕಾಗುವುದು ಇದಕ್ಕೆ.

ಅಂಕಿಗಳಲ್ಲೇ ನೋಡೋಣ. ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಕ್ಕೆ ವಾಲುತ್ತದೆ. ಕೆಲಸದಲ್ಲಿ ನೂರಕ್ಕೆ ಸುಮಾರು 70 ಭಾಗ ಮುಂದಿನ ಎರಡು ಡಿಸ್ಕಿನ ಪಾಲಿಗೆ ಬಂತು ಎಂದಿಟ್ಟುಕೊಳ್ಳಿ. ಒಂದೊಂದು ಡಿಸ್ಕ್ 10 ಕೆಜಿ ಇದ್ದರೆ, 100ರಿಂದ ಒಂದು ಸಲ ನಿಂತಾಗ ಅವುಗಳ ಬಿಸಿ ಏರುವುದು ಸುಮಾರು 42 ಡಿಗ್ರಿ. ಇದು ಏನೂ ಅಲ್ಲ. ಆದರೆ 200ರಿಂದ ನಿಂತರೆ ಒಂದೇ ಏಟಿಗೆ ಸುಮಾರು 170 ಡಿಗ್ರಿ. ಹಾಗೆ ನಾಲ್ಕೈದು ಸಲ ಮಾಡಿ, ನಡುವೆ ಗಾಳಿ ತಣ್ಣಗೆ ಮಾಡಲು ಬಿಡುವೇ ಕೊಡದಿದ್ದರೆ ಡಿಸ್ಕ್ ಕತ್ತಲಲ್ಲಿ ಕೆಂಪಗೆ ಕಾಣುತ್ತದೆ. ರಾತ್ರಿ ರೇಸಿನ ಚಿತ್ರಗಳಲ್ಲಿ ಚಕ್ರದೊಳಗೆ ಹೊಳೆಯುವ ಆ ಕೆಂಪು ಉಂಗುರ ಇದೇ.

ಬಕೆಟ್ಟಿನ ತಳದ ತೂತನ್ನು ದೊಡ್ಡದು ಮಾಡುವ ಉಪಾಯವೂ ಇದೆ. ಈಗಿನ ಮುಂದಿನ ಡಿಸ್ಕುಗಳು ಒಂದೇ ತಟ್ಟೆಯಲ್ಲ. ಎರಡು ತಟ್ಟೆಗಳ ನಡುವೆ ಸಾಲಾಗಿ ಲೋಹದ ಎಲೆಗಳಿರುತ್ತವೆ. ತಿರುಗುವಾಗ ಅವು ನಡುವಿನಿಂದ ಗಾಳಿ ಎಳೆದು ಅಂಚಿನಿಂದ ಹೊರಗೆ ಎಸೆಯುತ್ತವೆ, ಥೇಟ್ ನೀರೆತ್ತುವ ಪಂಪಿನ ಹಾಗೆ. ಎಲೆಗಳು ಬಾಗಿದ್ದರೆ ಎಡಕ್ಕೊಂದು, ಬಲಕ್ಕೊಂದು ಬೇರೆ ಡಿಸ್ಕ್ ಇರುತ್ತದೆ. ಎಲೆಯ ಹೊರ ತುದಿ ತಿರುಗುವ ದಿಕ್ಕಿಗೆ ಹಿಂದೆ ಬೀಳುವಂತೆ ಇರಬೇಕು. ಮೇಲ್ಮೈಯಲ್ಲಿ ಬೇಕೆಂದೇ ಕೊರೆದಿರುವ ಗೀರುಗಳನ್ನು ನೋಡಿ ದಿಕ್ಕು ಊಹಿಸುವವರು ತುಂಬ. ಗೀರು ಸುಳ್ಳು ಹೇಳುತ್ತದೆ, ಒಳಗಿನ ಎಲೆ ನೋಡಿ.

ತೂತು ಕೊರೆದ ಡಿಸ್ಕುಗಳ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಹಿಂದೆ ಪ್ಯಾಡಿನ ಅಂಟು ಕಾದಾಗ ಗ್ಯಾಸ್ ಬರುತ್ತಿತ್ತು, ಅದು ಹೊರಹೋಗಲು ತೂತು ಬೇಕಿತ್ತು. ಈಗಿನ ಪ್ಯಾಡುಗಳಲ್ಲಿ ಆ ತೊಂದರೆ ಬಹಳ ಕಡಿಮೆ. ಮಳೆಯಲ್ಲಿ ನೀರು ಒರೆಸಿಕೊಳ್ಳಲು ಸ್ವಲ್ಪ ಸಹಾಯ ಆಗುತ್ತದೆ, ಅದು ನಿಜ. ಆದರೆ ತೂತು ಕೊರೆದಷ್ಟೂ ಕಬ್ಬಿಣ ಹೋಯಿತು, ಬಕೆಟ್ ಚಿಕ್ಕದಾಯಿತು. ಜೊತೆಗೆ ಕಾದು ಆರುವ ಡಿಸ್ಕಿನಲ್ಲಿ ಬಿರುಕು ಶುರುವಾಗುವುದು ತೂತಿನ ಅಂಚಿನಿಂದಲೇ. ಟ್ರ್ಯಾಕಿಗೆ ಹೋಗುವವರು ಗೀರಿನ ಡಿಸ್ಕ್ ತೆಗೆದುಕೊಳ್ಳುವುದು ಒಳ್ಳೆಯದು.

ಬಿಸಿಯ ಜೊತೆಗಿನ ಈ ಜಗಳ ಹಳೆಯದು. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲೇ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದಿದ್ದರು. ಹಿಡಿಯುವ ಭಾಗಕ್ಕೆ ತಾಮ್ರ ಹಾಕಿದ್ದರಿಂದ ಅದು ಕಿವಿ ಸೀಳುವಂತೆ ಕಿರುಚುತ್ತಿತ್ತು. ಮುಂದಿನ ಹಲವು ದಶಕ ಕಾರುಗಳು ಡ್ರಮ್ ಬ್ರೇಕಿನಲ್ಲೇ ಓಡಿದವು. ಅದರಲ್ಲಿ ಚಕ್ರದ ಜೊತೆ ಒಂದು ಟೊಳ್ಳು ಡಬ್ಬಿ ತಿರುಗುತ್ತದೆ, ಶೂ ಎಂಬ ಬಾಗಿದ ತುಂಡುಗಳು ಒಳಗಿನಿಂದ ಅದನ್ನು ಒತ್ತಿ ನಿಲ್ಲಿಸುತ್ತವೆ. ಡ್ರಮ್ಮಿನ ದೋಷ ಅದರ ಆಕಾರದಲ್ಲೇ ಇದೆ. ಕಾದಾಗ ಡ್ರಮ್ ಹಿಗ್ಗುತ್ತದೆ, ಒಳಗಿನಿಂದ ಒತ್ತುವ ಶೂಗಳಿಂದ ದೂರ ಹೋಗುತ್ತದೆ. ಹೆಚ್ಚು ಬ್ರೇಕ್ ಬೇಕಾದ ಹೊತ್ತಿಗೇ ಪೆಡಲ್ ಕೆಳಗೆ ಹೋಗುತ್ತದೆ! ಡಿಸ್ಕ್ ಕಾದರೆ ದಪ್ಪವಾಗುತ್ತದೆ, ಪ್ಯಾಡಿನ ಕಡೆಗೇ ಬರುತ್ತದೆ. ಈ ಸಣ್ಣ ವ್ಯತ್ಯಾಸ 1953ರ ಲೆ ಮಾನ್ಸ್ 24 ಗಂಟೆ ರೇಸಿನಲ್ಲಿ ಜಗತ್ತಿಗೆ ಕಂಡಿತು. ಡಿಸ್ಕ್ ಬ್ರೇಕಿನ ಜಾಗ್ವಾರ್ ಸಿ-ಟೈಪ್ ಓಡಿಸಿದ ಟೋನಿ ರೋಲ್ಟ್ ಮತ್ತು ಡಂಕನ್ ಹ್ಯಾಮಿಲ್ಟನ್ ಗೆದ್ದರು. ಆ ರೇಸಿನಲ್ಲಿ ಗೆದ್ದ ಕಾರಿನ ಸರಾಸರಿ ವೇಗ ಮೊದಲ ಸಲ ಗಂಟೆಗೆ 100 ಮೈಲಿ ದಾಟಿತು, ಅಂದರೆ ಸುಮಾರು 170 ಕಿ.ಮೀ. ಎರಡು ವರ್ಷದ ನಂತರ ಮರ್ಸಿಡಿಸ್ ತನ್ನ ಡ್ರಮ್ ಬ್ರೇಕಿನ ಕಾರಿಗೆ ಬೆನ್ನ ಮೇಲೆ ಎದ್ದು ನಿಲ್ಲುವ ಒಂದು ದೊಡ್ಡ ಹಲಗೆಯನ್ನೇ ಹಾಕಿ ತಂದಿತ್ತು, ಗಾಳಿಯ ತಡೆಯಿಂದ ವೇಗ ಕಡಿಮೆ ಮಾಡಲು. ಡ್ರಮ್ಮಿಗೆ ಬಿಸಿ ಎಷ್ಟು ಭಾರವಾಗಿತ್ತು ಅನ್ನುವುದು ಇದರಲ್ಲೇ ಗೊತ್ತಾಗುತ್ತದೆ.

ಡಿಸ್ಕಿಗಿಂತ ಮೊದಲು ಸೋಲುವುದು ಬ್ರೇಕ್ ಆಯಿಲ್, ಅಂದರೆ ಪೆಡಲಿನ ಒತ್ತಡವನ್ನು ಕ್ಯಾಲಿಪರಿಗೆ ಒಯ್ಯುವ ದ್ರವ. ಹೊಸ ಡಾಟ್ 4 ದರ್ಜೆಯ ಆಯಿಲ್ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಎಂಬ ನಿಯಮವಿದೆ. ಆದರೆ ಅದು ಗಾಳಿಯ ತೇವವನ್ನು ಹೀರುತ್ತಲೇ ಇರುತ್ತದೆ. ನೀರು ನೂರಕ್ಕೆ 3.7 ಭಾಗ ಸೇರಿದಾಗ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಕುದಿದರೆ ಆವಿಯ ಗುಳ್ಳೆ ಬರುತ್ತದೆ. ಆಯಿಲ್ ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಕಾಲು ಒತ್ತಿದ್ದು ಗುಳ್ಳೆ ಕುಗ್ಗಿಸಲಿಕ್ಕೇ ಹೋಗುತ್ತದೆ, ಪೆಡಲ್ ನೆಲ ಮುಟ್ಟುತ್ತದೆ. ಹೊಸ ಆಯಿಲ್, ಒಳ್ಳೆಯ ಪ್ಯಾಡ್, ಒಳ್ಳೆಯ ಟೈರ್. ಕ್ಯಾಲಿಪರ್ ಬಗ್ಗೆ ಯೋಚಿಸುವ ಮುಂಚೆ ಈ ಮೂರನ್ನು ಮಾಡಿಸಿ. ರಸ್ತೆಯಲ್ಲಷ್ಟೇ ಓಡಿಸುವ ಬಹಳ ಜನರಿಗೆ ಅಲ್ಲಿಗೆ ಕೆಲಸ ಮುಗಿಯುತ್ತದೆ.

ಪಿಸ್ಟನ್ ಜಾಸ್ತಿ ಇದ್ದರೆ ಹಿಡಿತ ಜಾಸ್ತಿ, ಪ್ಯಾಡ್ ಅಗಲವಾಗಿದ್ದರೆ ಘರ್ಷಣೆ ಜಾಸ್ತಿ ಅನ್ನುವುದೂ ಇದೇ ಜಾತಿಯ ನಂಬಿಕೆ. ಮುಟ್ಟುವ ಜಾಗ ಎಷ್ಟಿದೆ ಎಂಬುದರ ಮೇಲೆ ಘರ್ಷಣೆ ನಿಂತಿಲ್ಲ ಎಂದು ಫ್ರಾನ್ಸಿನ ಗಿಯೋಮ್ ಅಮೊಂಟೋನ್ಸ್ 1699ರಲ್ಲೇ ಹೇಳಿದ್ದರು. ದೊಡ್ಡ ಪ್ಯಾಡಿನಿಂದ ಸಿಗುವುದು ಬಿಸಿ ಹಂಚಿಕೆ ಮತ್ತು ಬಾಳಿಕೆ. ಆರು ಪಿಸ್ಟನ್ ಉದ್ದ ಪ್ಯಾಡನ್ನು ಎಲ್ಲ ಕಡೆ ಸಮನಾಗಿ ಒತ್ತುತ್ತವೆ. ಬಲ ನಿರ್ಧಾರವಾಗುವುದು ಪಿಸ್ಟನ್‌ಗಳ ಒಟ್ಟು ವಿಸ್ತಾರದಿಂದ, ಎಣಿಕೆಯಿಂದಲ್ಲ. ಮುಂದಿನ ಬ್ರೇಕನ್ನಷ್ಟೇ ತೀರಾ ಬಲಪಡಿಸಿದರೆ ಮುಂದಿನ ಟೈರ್ ಬೇಗ ಸೋಲುತ್ತದೆ, ಹಿಂದಿನ ಟೈರ್ ಸುಮ್ನೆ ಕೂತಿರುತ್ತದೆ, ಕಾರು ಮೊದಲಿಗಿಂತ ದೂರ ಹೋಗಿ ನಿಲ್ಲಬಹುದು. ಚೆನ್ನಾಗಿ ಯೋಚಿಸಿ ಮಾಡಿದ ಕಿಟ್‌ನಲ್ಲಿ ಡಿಸ್ಕ್ ದೊಡ್ಡದಾದಷ್ಟಕ್ಕೆ ಸರಿಯಾಗಿ ಪಿಸ್ಟನ್ ಚಿಕ್ಕದು ಮಾಡಿ ಈ ಸಮತೋಲ ಕಾಪಾಡಿರುತ್ತಾರೆ.

ಸರಿ, ನಿಮಗೆ ನಿಜಕ್ಕೂ ದೊಡ್ಡ ಬ್ರೇಕ್ ಬೇಕು ಎಂದಾಯಿತು. ಈಗ ಅದು ವೀಲಿನೊಳಗೆ ಕೂರುತ್ತದಾ?

"ನಂದು 18 ಇಂಚಿನ ವೀಲ್, ಕೂತೇ ಕೂರುತ್ತೆ" ಅನ್ನುವ ಮಾತನ್ನು ನಂಬಬೇಡಿ. 18 ಇಂಚು, ಅಂದರೆ 457 ಮಿ.ಮೀ., ಟೈರಿನ ಅಂಚು ಕೂರುವ ಜಾಗದ ಅಳತೆ. ಕ್ಯಾಲಿಪರ್ ಇರುವುದು ರಿಮ್ಮಿನ ಒಳಗೆ. ಟೈರ್ ಏರಿಸಲು ಅನುಕೂಲವಾಗಲಿ ಎಂದು ರಿಮ್ಮಿನ ಮೈಯಲ್ಲಿ ಸುತ್ತಲೂ ಒಂದು ತಗ್ಗು ಬಿಟ್ಟಿರುತ್ತಾರೆ. ಟೈರಿನ ಒಂದು ಬದಿಯ ಅಂಚು ಆ ತಗ್ಗಿಗೆ ಇಳಿದರೆ ಮಾತ್ರ ಇನ್ನೊಂದು ಬದಿ ರಿಮ್ಮನ್ನು ದಾಟುತ್ತದೆ. ಹೊರಗಿನಿಂದ ತಗ್ಗು ಅಂದರೆ ಒಳಗಿನಿಂದ ಅದು ಉಬ್ಬು. ಆ ಉಬ್ಬು ಸರಿಯಾಗಿ ಕ್ಯಾಲಿಪರ್ ಮೇಲೇ ಬಂದರೆ ಕತೆ ಮುಗಿಯಿತು. ಎರಡು 18 ಇಂಚಿನ ವೀಲ್‌ಗಳಲ್ಲಿ ಉಬ್ಬು ಬೇರೆ ಬೇರೆ ಕಡೆ ಇರುತ್ತದೆ. ಒಂದರಲ್ಲಿ 355 ಮಿ.ಮೀ. ಡಿಸ್ಕಿನ ಕಿಟ್ ಆರಾಮಾಗಿ ಕೂತು ಇನ್ನೊಂದರಲ್ಲಿ ಉಜ್ಜಬಹುದು.

ಇದು ಮೇಲಿನ ಸಂದು. ಇನ್ನೊಂದು ಸಂದು ಮುಂದೆ, ಕ್ಯಾಲಿಪರಿನ ಮುಖಕ್ಕೂ ಸ್ಪೋಕಿನ ಬೆನ್ನಿಗೂ ನಡುವೆ ಇರುತ್ತದೆ. ಆಫ್‌ಸೆಟ್ ಒಂದೇ ಇದ್ದರೂ ಕೆಲವು ಸ್ಪೋಕ್ ಹೊರಕ್ಕೆ ಬಿಲ್ಲಿನಂತೆ ಬಾಗಿರುತ್ತದೆ, ಕೆಲವು ಚಪ್ಪಟೆ. ಆಫ್‌ಸೆಟ್ ಹೇಳುವುದು ಹಬ್ಬಿಗೆ, ಅಂದರೆ ವೀಲನ್ನು ಬಿಗಿಯುವ ನಡುಭಾಗಕ್ಕೆ, ಕೂರುವ ಮುಖ ಎಲ್ಲಿದೆ ಎಂದು ಮಾತ್ರ. ಸ್ಪೋಕಿನ ಆಕಾರ ಅದಕ್ಕೆ ಗೊತ್ತಿಲ್ಲ.

ನಂಬಬಹುದಾದ ದಾರಿ ಟೆಂಪ್ಲೇಟ್. ಕಿಟ್ ಮಾಡುವವರು ಕ್ಯಾಲಿಪರಿನ ಹೊರಗೆರೆಯನ್ನು ನಿಜ ಅಳತೆಯಲ್ಲಿ ಕೊಡುತ್ತಾರೆ. ಪ್ರಿಂಟ್ ಮಾಡಿ ಮೊದಲು ಸ್ಕೇಲ್ ಇಟ್ಟು ಅಳೆಯಿರಿ. ಪ್ರಿಂಟರ್ ಪುಟಕ್ಕೆ ಹೊಂದಿಸಲು ಚಿತ್ರವನ್ನು ಸದ್ದಿಲ್ಲದೆ ಕುಗ್ಗಿಸಿರುತ್ತದೆ. ನೂರಕ್ಕೆ ಬರೀ 3 ಭಾಗ ಕುಗ್ಗಿದರೂ 200 ಮಿ.ಮೀ. ಗೆರೆ 6 ಮಿ.ಮೀ. ಗಿಡ್ಡವಾಗುತ್ತದೆ, ನೀವು ಹುಡುಕುತ್ತಿರುವ ಸಂದೇ ಅದಕ್ಕಿಂತ ಚಿಕ್ಕದು. ಅಳತೆ ಸರಿ ಇದ್ದರೆ ಗಟ್ಟಿ ರಟ್ಟಿಗೆ ಅಂಟಿಸಿ ಕತ್ತರಿಸಿ. ವೀಲನ್ನು ಬೋರಲು ಹಾಕಿ, ಹಬ್ಬಿಗೆ ಕೂರುವ ಮುಖಕ್ಕೆ ರಟ್ಟನ್ನು ಒತ್ತಿ ಹಿಡಿದು ಒಂದು ಸುತ್ತು ಪೂರ್ತಿ ತಿರುಗಿಸಿ. ಒಂದು ಸ್ಪೋಕಿನ ಹತ್ತಿರ ನೋಡಿ ಬಿಡಬೇಡಿ. ಎಲ್ಲ ಕಡೆ ಕನಿಷ್ಠ 3 ಮಿ.ಮೀ. ಇರಲಿ, ಐದಿದ್ದರೆ ನೆಮ್ಮದಿ. ತಿರುವಿನಲ್ಲಿ ವೀಲ್ ಸ್ವಲ್ಪ ಬಾಗುತ್ತದೆ, ಅಲ್ಯುಮಿನಿಯಂ ಕ್ಯಾಲಿಪರ್ ಕಾದು ಸ್ವಲ್ಪ ಹಿಗ್ಗುತ್ತದೆ, ಬೇರಿಂಗ್‌ನಲ್ಲಿ ಕೂದಲೆಳೆಯಷ್ಟು ಆಟ ಇರುತ್ತದೆ. ಇವೆಲ್ಲ ಒಂದೇ ದಿಕ್ಕಿಗೆ ಸೇರಿದರೆ ಒಂದು ಮಿ.ಮೀ. ಯಾವ ಮೂಲೆಗೂ ಸಾಲುವುದಿಲ್ಲ.

ಒಂದು ಸಲ ಗೆಳೆಯನ ಕಾರಿಗೆ ಹೀಗೆ ರಟ್ಟು ಹಿಡಿದು ನೋಡಿದ್ದೆವು. ಮೇಲೆ 4 ಮಿ.ಮೀ. ಸಿಕ್ಕಿತು, ಖುಷಿಯಾಯಿತು. ಟೈರ್ ಹಾಕಿಸಿ, ಬ್ಯಾಲೆನ್ಸಿಂಗ್ ಮಾಡಿಸಿ ತಂದು ಕೈಯಿಂದ ಚಕ್ರ ತಿರುಗಿಸಿದರೆ ಸುತ್ತಿಗೊಂದು ಟಕ್. ಬ್ಯಾಲೆನ್ಸಿಂಗ್‌ಗೆ ಅಂಟಿಸಿದ ತೂಕದ ತುಂಡುಗಳು ಸರಿಯಾಗಿ ಕ್ಯಾಲಿಪರಿನ ದಾರಿಯಲ್ಲೇ ಕೂತಿದ್ದವು. ಅವುಗಳ ದಪ್ಪವನ್ನು ನಾವು ಲೆಕ್ಕಕ್ಕೆ ತೆಗೆದುಕೊಂಡೇ ಇರಲಿಲ್ಲ. ಅಂಟಿಸುವವರಿಗೆ ಮೊದಲೇ ಹೇಳಿ, ಜಾಗ ಗುರುತು ಮಾಡಿ ಕೊಡಿ.

ಕ್ಯಾಲಿಪರ್ ಆಗಲೇ ಕೈಯಲ್ಲಿದ್ದರೆ ಇನ್ನೂ ಸುಲಭ. ಅದರ ಮೈಮೇಲೆ ಮಕ್ಕಳು ಆಡುವ ಮೆತ್ತನೆಯ ಬಣ್ಣದ ಜೇಡಿ ಅಂಟಿಸಿ, ವೀಲ್ ಹಾಕಿ ನಟ್ ಬಿಗಿದು, ನಿಧಾನ ತಿರುಗಿಸಿ ಬಿಚ್ಚಿ. ಉಳಿದ ಜೇಡಿಯ ದಪ್ಪವೇ ನಿಮ್ಮ ಸಂದು. ಜಾರುವ ಜಾತಿಯ ಕ್ಯಾಲಿಪರ್ ಆದರೆ ಹೊಸ ಪ್ಯಾಡ್ ಹಾಕಿಯೇ ಅಳೆಯಿರಿ. ಪ್ಯಾಡ್ ಸವೆದಂತೆ ಅದು ಒಳಕ್ಕೆ ಸರಿಯುತ್ತದೆ, ಹೊಸದಿದ್ದಾಗಲೇ ಸ್ಪೋಕಿಗೆ ಅತಿ ಹತ್ತಿರ.

ಸಂದು ಸಾಲದಿದ್ದರೆ ಸ್ಪೇಸರ್ ಹಾಕು ಅನ್ನುತ್ತಾರೆ. ಹಬ್ಬಿಗೂ ವೀಲಿಗೂ ನಡುವೆ ಇಡುವ ಬಿಲ್ಲೆ ಅದು. ಸ್ಪೇಸರ್ ವೀಲನ್ನು ಹೊರಕ್ಕೆ ತಳ್ಳುತ್ತದೆ, ಹಾಗಾಗಿ ಸ್ಪೋಕಿನ ಸಂದು ಹೆಚ್ಚುತ್ತದೆ. ಮೇಲಿನ ಸಂದಿಗೆ ಅದರಿಂದ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ. 5 ಮಿ.ಮೀ. ಸ್ಪೇಸರ್ ಹಾಕಿದರೆ ಬೋಲ್ಟಿನ ಹಿಡಿತ ಅಷ್ಟೇ ಕಡಿಮೆಯಾಗುತ್ತದೆ, ಟೈರ್ ಮಡ್‌ಗಾರ್ಡಿನ ಕಡೆಗೆ ಅಷ್ಟೇ ಸರಿಯುತ್ತದೆ. ಹಬ್ಬಿನ ನಡುವಿನ ಉಂಗುರ ಸ್ಪೇಸರಿನೊಳಗೇ ಮುಳುಗಿದರೆ ವೀಲ್ ನಡುವಿಗೆ ಸರಿಯಾಗಿ ಕೂರದೆ ಸ್ಟೀರಿಂಗ್ ನಡುಗಬಹುದು. ಉದ್ದದ ಬೋಲ್ಟ್, ಉಂಗುರವಿರುವ ಸ್ಪೇಸರ್ ಎರಡೂ ಇಲ್ಲದೆ ಆ ಕೆಲಸಕ್ಕೆ ಹೋಗಬೇಡಿ.

ಎಲ್ಲ ಜೋಡಿಸಿ ಬ್ರೇಕ್ ಆಯಿಲ್‌ನಲ್ಲಿ ಸೇರಿದ ಏರ್ ತೆಗೆದ ಮೇಲೆ ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಬ್ರೇಕ್ ಪೈಪ್ ಎಳೆದುಕೊಳ್ಳುತ್ತಿಲ್ಲ, ಟೈರಿಗೆ ತಾಗುತ್ತಿಲ್ಲ ಎಂದು ನೋಡಿ. ಜಾಕ್ ಮೇಲೆ ಚಕ್ರ ಜೋತಾಡುವಾಗಲೂ ನೋಡಿ. ಆಮೇಲೆ ಪ್ಯಾಡ್ ಕಂಪನಿ ಹೇಳಿದ ಕ್ರಮದಲ್ಲಿ ವೇಗ ಏರಿಸಿ ಇಳಿಸಿ ಪ್ಯಾಡನ್ನು ಡಿಸ್ಕಿಗೆ ಪಳಗಿಸಬೇಕು. ಇದನ್ನು ಬಿಟ್ಟವರು ಸ್ವಲ್ಪ ದಿನಕ್ಕೆ ಸ್ಟೀರಿಂಗ್ ನಡುಗಿದಾಗ "ಡಿಸ್ಕ್ ಬೆಂಡ್ ಆಯ್ತು" ಅನ್ನುತ್ತಾರೆ. ಹೆಚ್ಚಿನ ಸಲ ಡಿಸ್ಕ್ ಬಾಗಿರುವುದೇ ಇಲ್ಲ. ಪ್ಯಾಡಿನ ಪದಾರ್ಥ ಡಿಸ್ಕಿನ ಮೇಲೆ ಅಲ್ಲಲ್ಲಿ ದಪ್ಪವಾಗಿ ಮೆತ್ತಿಕೊಂಡಿರುತ್ತದೆ.

ಮೊದಲ ದಿನದ ಓಡಾಟ ಮುಗಿದು ಬ್ರೇಕ್ ಪೂರ್ತಿ ತಣಿದ ಮೇಲೆ ವೀಲ್ ಬಿಚ್ಚಿ, ಟಾರ್ಚ್ ಹಿಡಿದು ರಿಮ್ಮಿನ ಒಳಮೈ ಮತ್ತು ಸ್ಪೋಕಿನ ಬೆನ್ನು ನೋಡಿ. ಎಲ್ಲ ಕಡೆ ಬ್ರೇಕಿನ ಕಪ್ಪು ಧೂಳು ಒಂದೇ ಸಮ ಕೂತಿದ್ದರೆ ಸರಿ. ನಡುವೆ ಎಲ್ಲಾದರೂ ಕೂದಲಿನಷ್ಟು ತೆಳ್ಳಗೆ, ಹೊಳೆಯುವ ಒಂದು ಗೆರೆ ಕಂಡರೆ ಕಾರನ್ನು ಅಲ್ಲೇ ನಿಲ್ಲಿಸಿ.