ಮೊದಲ ಇಂಜೆಕ್ಷನ್‌ಗೆ ಮುಂಚೆ ಕೇಳಬೇಕಾದ ಮಾತು

ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿನ ಗ್ರಂಥಿ) ಕ್ಯಾನ್ಸರ್ ಬೆನ್ನುಮೂಳೆಗೆ ಹಬ್ಬಿದೆ ಎಂದ ಕೂಡಲೇ ಮನೆಯವರು ಅದನ್ನು ‘ಮೂಳೆ ಕ್ಯಾನ್ಸರ್’ ಎಂದುಬಿಡುತ್ತಾರೆ. ಅಲ್ಲ. ಮೂಳೆಯಲ್ಲಿ ಕೂತರೂ ಅವು ಪ್ರಾಸ್ಟೇಟಿನ ಕೋಶಗಳೇ, ಬೆಳೆಯಲು ಅವಕ್ಕೆ ಟೆಸ್ಟೋಸ್ಟಿರಾನ್ ಎಂಬ ಗಂಡು ಹಾರ್ಮೋನ್ ಬೇಕು. ಷಿಕಾಗೋದ ವೈದ್ಯ ಚಾರ್ಲ್ಸ್ ಹಗಿನ್ಸ್ 1941ರಲ್ಲಿ ಆ ಹಾರ್ಮೋನ್ ತಯಾರಿಸುವ ವೃಷಣ ತೆಗೆದು ಇದನ್ನು ತೋರಿಸಿದರು. ನೊಬೆಲ್ ಬಂದಿದ್ದು 1966ರಲ್ಲಿ. ಚಿಕಿತ್ಸೆಯ ಬುನಾದಿ ಇಂದಿಗೂ ಅದೇ.

ಆ ಶಸ್ತ್ರಚಿಕಿತ್ಸೆ ಈಗಲೂ ಇದೆ, ಖರ್ಚೂ ಕಡಿಮೆ. ಅದು ಬೇಡವೆಂದವರಿಗೆ ಲ್ಯೂಪ್ರೊಲೈಡ್ ಅಥವಾ ಗೊಸೆರೆಲಿನ್ ಎಂಬ ಹಾರ್ಮೋನ್ ಇಂಜೆಕ್ಷನ್. ವಿಚಿತ್ರವೆಂದರೆ ಇವು ಟೆಸ್ಟೋಸ್ಟಿರಾನನ್ನು ಇಳಿಸುವ ಮುಂಚೆ ಏರಿಸುತ್ತವೆ! ಟೆಸ್ಟೋಸ್ಟಿರಾನ್ ತಯಾರಾಗಲಿ ಎಂಬ ಸಂದೇಶವನ್ನು ಮಿದುಳು ತನ್ನ ಬುಡದ ಪಿಟ್ಯುಟರಿ ಗ್ರಂಥಿಗೆ ಬಿಟ್ಟುಬಿಟ್ಟು ಕಳಿಸುತ್ತದೆ. ಇಂಜೆಕ್ಷನ್ ಅದೇ ಸಂದೇಶವನ್ನು ಬಿಡುವಿಲ್ಲದೆ ಕೊಡುತ್ತದೆ. ಯಾರೋ ಕಾಲಿಂಗ್ ಬೆಲ್ ಒತ್ತಿ ಹಿಡಿದಂತೆ: ಮೊದಲು ಮನೆಮಂದಿಯೆಲ್ಲ ಓಡಿಬರುತ್ತಾರೆ, ಆಮೇಲೆ ಯಾರೂ ಏಳುವುದಿಲ್ಲ. ಗ್ರಂಥಿ ಕಿವುಡಾಗಲು ಎರಡು-ಮೂರು ವಾರ ಬೇಕು. ಅಷ್ಟರಲ್ಲಿ ಬೆನ್ನುಮೂಳೆಯ ಗಡ್ಡೆ ಊದಿ ಬೆನ್ನುಹುರಿಯನ್ನು ಒತ್ತಬಹುದು, ಮೂತ್ರ ಕಟ್ಟಬಹುದು.

ಹಾಗಾಗಿ ವೈದ್ಯರನ್ನು ಕೇಳಿ: ‘ಈ ಏರಿಕೆ ತಡೆಯಲು ಮಾತ್ರೆ ಕೊಡುತ್ತೀರಾ?’ ಸಾಮಾನ್ಯವಾಗಿ ಬೈಕಾಲುಟಮೈಡ್ 50 ಮಿ.ಗ್ರಾಂ ಇಂಜೆಕ್ಷನ್‌ಗೆ ಮುಂಚೆಯೋ ಜೊತೆಗೋ ಶುರುವಾಗಿ ಕೆಲವು ವಾರ ನಡೆಯುತ್ತದೆ. ಡೆಗಾರೆಲಿಕ್ಸ್ ಎಂಬ ಇನ್ನೊಂದು ಇಂಜೆಕ್ಷನ್ ಆದರೆ ಈ ತಾಪತ್ರಯವಿಲ್ಲ, ಅದು ಸಂದೇಶವನ್ನೇ ತಡೆಯುತ್ತದೆ. ಮೊದಲ ದಿನ 120 ಮಿ.ಗ್ರಾಂನ ಎರಡು ಚುಚ್ಚು, ಆಮೇಲೆ ತಿಂಗಳಿಗೊಮ್ಮೆ 80. ಕಾಲು ಸೋತರೆ, ಹೊಸದಾಗಿ ಬೆನ್ನು ವಿಪರೀತ ನೋಯತೊಡಗಿದರೆ, ಮೂತ್ರ ನಿಂತರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು.

‘ಹಾರ್ಮೋನ್ ಇಂಜೆಕ್ಷನ್ ಒಂದೇ ಸಾಕೇ?’ ಎಂದೂ ಕೇಳಿ. ದೇಹ ತಾಳಿಕೊಳ್ಳುವಂತಿದ್ದರೆ ಈಗ ಅದರ ಜೊತೆಗೆ ಇನ್ನೊಂದು ಔಷಧ ಸೇರಿಸುವುದೇ ವಾಡಿಕೆ. ಉದಾಹರಣೆಗೆ ಅಬಿರಾಟೆರೋನ್ ಮಾತ್ರೆ, 1000 ಮಿ.ಗ್ರಾಂ ಖಾಲಿ ಹೊಟ್ಟೆಗೆ, ಜೊತೆಗೆ ಪ್ರೆಡ್ನಿಸೋಲೋನ್. ಅಬಿರಾಟೆರೋನನ್ನು ಊಟದೊಂದಿಗೆ ನುಂಗಿದರೆ ರಕ್ತಕ್ಕೆ ಸೇರುವ ಔಷಧ ಹಲವು ಪಟ್ಟು ಹೆಚ್ಚುತ್ತದೆ. ಪ್ರೆಡ್ನಿಸೋಲೋನ್ ‘ಸ್ಟಿರಾಯ್ಡ್’ ಎಂದು ಹೆದರಿ ಬಿಟ್ಟವರಿಗೆ ಬಿ.ಪಿ. ಏರಿ ಪೊಟ್ಯಾಸಿಯಂ ಕುಸಿಯಬಹುದು.

ಅಪ್ಪನಿಗೆ ತಿಳಿಸಬೇಡಿ ಎಂದು ವೈದ್ಯರ ಕಿವಿಯಲ್ಲಿ ಹೇಳುವ ಮಕ್ಕಳು ನಮ್ಮಲ್ಲಿ ಬಹಳ. ಆದರೆ ಕಾಲು ಸೋಲುತ್ತಿರುವುದು ಮೊದಲು ಗೊತ್ತಾಗುವುದು ಅಪ್ಪನಿಗೇ.