ಮೊಲದ ಬೆನ್ನು, ಹಮಾಲರ ಬೆನ್ನು

ಹೋದ ಬೇಸಿಗೆಯಲ್ಲಿ ಗಂಗಾವತಿಗೆ ಹೋಗಿದ್ದಾಗ ಕಾಕಾ ಅಲಮಾರಿಯ ಮೇಲಿಂದ ದೊಡ್ಡದೊಂದು ಕವರ್ ಇಳಿಸಿದರು. ಒಳಗೆ ಎಂಆರ್‌ಐ ಫಿಲ್ಮ್ ಇತ್ತು. ಬಾಗಿಲಿಗೆ ಬಂದು ಬೆಳಕಿಗೆ ಹಿಡಿದೆವು. ಸೊಂಟದ ಎಲುಬುಗಳು ಇಟ್ಟಿಗೆ ಪೇರಿಸಿದ ಹಾಗೆ ಒಂದರ ಮೇಲೊಂದು ಕಂಡವು. ಅವುಗಳ ನಡುವೆ ಬಿಲ್ಲೆಗಳು, ಅಂದರೆ ಡಿಸ್ಕ್‌ಗಳು. ಮೇಲಿನ ಮೂರು ಬಿಲ್ಲೆಗಳ ಒಳಭಾಗ ಬೆಳ್ಳಗಿತ್ತು. ಕೆಳಗಿನ ಎರಡು ಕಪ್ಪಾಗಿದ್ದವು. ಕೊನೆಯದಂತೂ ಹಿಂಡಿದ ಹಾಗೆ ತೆಳ್ಳಗಾಗಿತ್ತು.

"ನೋಡು ತಮ್ಮಾ, ಇಲ್ಲೇ ಗ್ಯಾಪ್ ಬಂದೈತಂತ" ಎಂದು ಬೆರಳಿಟ್ಟು ತೋರಿಸಿದರು.

ನಮ್ಮ ಕಡೆ ಎಲ್ಲರೂ ಹಾಗೇ ಹೇಳುತ್ತಾರೆ, ಗ್ಯಾಪ್ ಬಂದಿದೆ ಅಂತ. ಆಗಿರುವುದು ಅದರ ಉಲ್ಟಾ. ಎರಡು ಎಲುಬಿನ ನಡುವೆ ಇರಬೇಕಾದ ಜಾಗವೇ ಕಮ್ಮಿಯಾಗಿದೆ. ಕಾಕಾ 30 ವರ್ಷ ಎಪಿಎಂಸಿಯಲ್ಲಿ ಹಮಾಲಿ ಮಾಡಿದವರು. ಇಬ್ಬರು ಚೀಲ ಎತ್ತಿ ಬೆನ್ನಿಗೆ ಕೊಡುತ್ತಾರೆ, ತಲೆಯ ಮೇಲಿನ ಟವೆಲ್ ಸರಿ ಮಾಡಿಕೊಂಡು, ಮೊಣಕಾಲು ಸ್ವಲ್ಪ ಬಗ್ಗಿಸಿ, ಹಲಗೆ ಮೇಲೆ ನಡೆದು ಲಾರಿ ಏರಬೇಕು. ಭತ್ತದ ಚೀಲ ಎಂದರೆ 75 ಕೆ.ಜಿ. ಈಗ ಅವರು ಹೊರುವುದಿಲ್ಲ. ಕೂತು ದಬ್ಬಣದಲ್ಲಿ ಚೀಲದ ಬಾಯಿ ಹೊಲಿಯುತ್ತಾರೆ.

ಫಿಲ್ಮ್ ಕವರಿಗೆ ಹಾಕುತ್ತಾ ಕೇಳಿದರು: "ಬೆನ್ನಿಗೆ ಒಂದು ಸೂಜಿ ಹಾಕಿದ್ರ ಡಿಸ್ಕ್ ಮತ್ತ ಬೆಳೀತೈತಂತ. ಫೋನಿನ್ಯಾಗ ವಿಡಿಯೋ ಬಂದಿತ್ತು. ಹೌದೇನು?"

ಆ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು ಒಂದು ಮಾತಿನಲ್ಲಿ ಹೇಳಲು ನನಗೆ ಆಗಲಿಲ್ಲ. ಅಂಥ ಸೂಜಿಯನ್ನು ಮನುಷ್ಯರ ಮೇಲೆ ಪರೀಕ್ಷೆ ಮಾಡಿದ್ದು ನಿಜ. ಅದರ ಹಿಂದೆ ಸುಮಾರು 90 ವರ್ಷದ ಕಥೆ ಇದೆ, ಮತ್ತು ಆ ಕಥೆಯ ತುಂಬಾ ಮೊಲಗಳಿವೆ.

ಮೊದಲು ಬಿಲ್ಲೆಯ ವಿಷಯ. ನಮ್ಮ ಬೆನ್ನುಮೂಳೆಯಲ್ಲಿ ಒಟ್ಟು 23 ಡಿಸ್ಕ್‌ಗಳಿವೆ. ಹೊರಗೆ ನಾರಿನ ಪದರಗಳು, ಹಗ್ಗ ಸುತ್ತಿದ ಹಾಗೆ. ಒಳಗೆ ಲೋಳೆಯಂಥ ತಿರುಳು. ಚಿಕ್ಕ ವಯಸ್ಸಿನಲ್ಲಿ ಆ ತಿರುಳಿನ ನೂರಕ್ಕೆ 80 ಭಾಗಕ್ಕೂ ಜಾಸ್ತಿ ನೀರೇ. ಆ ನೀರನ್ನು ಹಿಡಿದಿಡುವ ದೊಡ್ಡ ಅಣುಗಳನ್ನು ಒಳಗಿನ ಜೀವಕೋಶಗಳು ತಯಾರಿಸುತ್ತವೆ. ಹಗಲೆಲ್ಲ ನಮ್ಮ ಭಾರಕ್ಕೆ ಡಿಸ್ಕ್‌ನಿಂದ ನೀರು ಹೊರಗೆ ಹೋಗುತ್ತದೆ, ರಾತ್ರಿ ಮಲಗಿದಾಗ ಮತ್ತೆ ಒಳಗೆ ಬರುತ್ತದೆ. ಬೆಳಿಗ್ಗೆ ಎದ್ದಾಗ ನಾವು ಒಂದು ಸೆಂಟಿಮೀಟರ್‌ನಷ್ಟಾದರೂ ಜಾಸ್ತಿ ಎತ್ತರ ಇರುವುದು ಇದರಿಂದಲೇ. ಎಂಆರ್‌ಐನಲ್ಲಿ ಡಿಸ್ಕ್ ಹೀಗೆ ಬೆಳ್ಳಗೆ ಕಂಡರೆ ಅದರಲ್ಲಿ ನೀರಿದೆ ಎಂದು ಅರ್ಥ. ಕಾಕಾನ ಕೆಳಗಿನ ಎರಡು ಡಿಸ್ಕ್‌ಗಳು ಒಣಗಿವೆ.

ದೊಡ್ಡವರ ಡಿಸ್ಕ್‌ನ ತಿರುಳಿನಲ್ಲಿ ರಕ್ತನಾಳವೇ ಇಲ್ಲ. ನಡುವಿನ ಜೀವಕೋಶಕ್ಕೆ ಅತಿ ಹತ್ತಿರದ ರಕ್ತನಾಳ 8 ಮಿಲಿಮೀಟರ್‌ನಷ್ಟು ದೂರ ಇರಬಹುದು. ಸಕ್ಕರೆ, ಆಮ್ಲಜನಕ ಎಲ್ಲವೂ ಎಲುಬಿನ ಕಡೆಯಿಂದ ಜಿನುಗಿ ಜಿನುಗಿ ಅಲ್ಲಿಗೆ ಮುಟ್ಟಬೇಕು. ತುಂಗಭದ್ರಾ ಎಡದಂಡೆ ಕಾಲುವೆ ಗೊತ್ತಿರುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಆ ಜೀವಕೋಶಗಳು ಕೊನೆಭಾಗದ ರೈತರ ಹಾಗೆ. ಮೇಲಿನವರಿಗೆಲ್ಲ ಆಗಿ ಉಳಿದರೆ ಇವರಿಗೆ ನೀರು. ಈ ಹೋಲಿಕೆ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಡಿಸ್ಕ್ ಹೊರಗೆ ಉಬ್ಬಿ ನರ ಒತ್ತಿದರೆ ಕಾಲಿಗೆ ಎಳೆತ ಬರುತ್ತದೆ ಎಂಬುದನ್ನು ವೈದ್ಯಲೋಕ ಒಪ್ಪುವಂತೆ ತೋರಿಸಿದ್ದು 1934ರಲ್ಲಿ, ಅಮೆರಿಕದ ಬೋಸ್ಟನ್‌ನ ಮಿಕ್ಸ್‌ಟರ್ ಮತ್ತು ಬಾರ್ ಎಂಬ ಇಬ್ಬರು ಶಸ್ತ್ರವೈದ್ಯರು. ಅಲ್ಲಿಂದ ಮುಂದೆ ದಾರಿ ಒಂದೇ: ಕೊಯ್ದು ತೆಗೆಯುವುದು.

ಕೊಯ್ಯದೆ ಸೂಜಿಯಲ್ಲೇ ಮುಗಿಸಬಹುದಾ ಎಂಬ ಆಸೆ ಹುಟ್ಟಿದ್ದು ಪಪ್ಪಾಯಿಯಿಂದ. 1956ರಲ್ಲಿ ಲೂಯಿಸ್ ಥಾಮಸ್ ಎಂಬ ವೈದ್ಯವಿಜ್ಞಾನಿ ಮೊಲಗಳ ರಕ್ತನಾಳಕ್ಕೆ ಪಪ್ಪಾಯಿ ಹಾಲಿನ ಒಂದು ಕಿಣ್ವ ಕೊಟ್ಟರು. ನೆಟ್ಟಗಿದ್ದ ಕಿವಿಗಳು ಜೋತುಬಿದ್ದವು. ಕಿವಿಯೊಳಗಿನ ಮೆತ್ತನೆ ಎಲುಬಿನ ಸತ್ವ ಕರಗಿತ್ತು. ಕೆಲವು ದಿನಕ್ಕೆ ಕಿವಿಗಳು ಮತ್ತೆ ನಿಂತವು. ಇದನ್ನು ನೋಡಿ ಲೈಮನ್ ಸ್ಮಿತ್ ಎಂಬ ಎಲುಬು ವೈದ್ಯರಿಗೆ ಹೊಳೆಯಿತು: ಕಿವಿಯಲ್ಲಿ ಕರಗುವುದಾದರೆ ಉಬ್ಬಿದ ಡಿಸ್ಕ್‌ನ ತಿರುಳೂ ಕರಗಬೇಕಲ್ವಾ? ಪಪ್ಪಾಯಿ ಹಾಲಿನದೇ ಇನ್ನೊಂದು ಕಿಣ್ವವಾದ ಕೈಮೋಪಪೇನನ್ನು ಮೊದಲು ಮೊಲದ ಡಿಸ್ಕ್‌ಗೆ ಹಾಕಿ, 1960ರ ದಶಕದ ಆರಂಭದಲ್ಲಿ ಮನುಷ್ಯರಿಗೂ ಕೊಟ್ಟರು. 1982ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಬಹಳ ಜನಕ್ಕೆ ಉಪಯೋಗವೂ ಆಯಿತು. ಆದರೆ ಕೆಲವರಿಗೆ ಅಲರ್ಜಿ ಜೀವಕ್ಕೇ ಬಂತು. ಕೆಲವರಿಗೆ ಬೆನ್ನುಹುರಿಗೆ ಪೆಟ್ಟು ಬಿದ್ದು ಕಾಲು ಸ್ವಾಧೀನ ತಪ್ಪಿತು. ವೈದ್ಯರು ಹಿಂದೆ ಸರಿದರು. 2003ರಲ್ಲಿ ಆ ಔಷಧಿ ನಿಂತೇ ಹೋಯಿತು.

ಕರಗಿಸುವ ಸೂಜಿಯ ಕಥೆ ಹೀಗೆ ನಡೆಯುತ್ತಿದ್ದಾಗಲೇ ಇನ್ನೊಂದು ಕಡೆ ಬೆಳೆಸುವ ಸೂಜಿಯ ಬೀಜ ಬಿದ್ದಿತ್ತು. 1965ರಲ್ಲಿ ಮಾರ್ಷಲ್ ಯೂರಿಸ್ಟ್ ಎಂಬ ವಿಜ್ಞಾನಿ ಎಲುಬಿನಿಂದ ಸುಣ್ಣದ ಅಂಶ ತೆಗೆದು, ಉಳಿದದ್ದನ್ನು ಪ್ರಾಣಿಗಳ ಮಾಂಸಖಂಡದಲ್ಲಿ ಇಟ್ಟರು. ಅಲ್ಲೂ ಮೊಲಗಳಿದ್ದವು. ಮಾಂಸದ ನಡುವೆ ಹೊಸ ಎಲುಬು ಹುಟ್ಟಿತು! ಎಲುಬಿನೊಳಗೇ 'ಬೆಳೆ' ಎಂದು ಹೇಳುವ ಏನೋ ಒಂದು ಇದೆ ಎಂದಾಯಿತು. ಜೀವಕೋಶಗಳಿಗೆ ಹೀಗೆ ಹೇಳುವ ಪ್ರೋಟೀನ್‌ಗಳೇ ಗ್ರೋತ್ ಫ್ಯಾಕ್ಟರ್‌ಗಳು. ಇವುಗಳ ಶೋಧಕ್ಕೆ ರೀಟಾ ಲೆವಿ ಮೊಂಟಾಲ್ಚೀನಿ ಮತ್ತು ಸ್ಟ್ಯಾನ್ಲಿ ಕೋಹೆನ್ 1986ರಲ್ಲಿ ನೊಬೆಲ್ ಪಡೆದರು. 1991ರಲ್ಲಿ ಥಾಂಪ್ಸನ್ ಮತ್ತು ಜೊತೆಯವರು ನಾಯಿಗಳ ಡಿಸ್ಕ್ ತೆಗೆದು ಪ್ರಯೋಗಾಲಯದಲ್ಲಿ ಇಂಥ ಪ್ರೋಟೀನ್ ಕೊಟ್ಟು ನೋಡಿದರು. ಬೆಳೆದ ನಾಯಿಗಳ ಜೀವಕೋಶಗಳೂ ನೀರು ಹಿಡಿಯುವ ಅಣುಗಳನ್ನು ಜಾಸ್ತಿ ತಯಾರಿಸಿದವು. ಡಿಸ್ಕ್ ಒಮ್ಮೆ ಒಣಗಿದರೆ ಮುಗಿಯಿತು ಎಂದುಕೊಂಡಿದ್ದ ಕಾಲ ಅದು. ಆ ಫಲಿತಾಂಶ ಎಷ್ಟು ದೊಡ್ಡ ಆಸೆ ಹುಟ್ಟಿಸಿರಬೇಕು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಆ ಆಸೆಯಲ್ಲಿ ಮುಂದೆ ಬಂದ ಹೆಸರು ಜಿಡಿಎಫ್-5, ಇದೂ ಒಂದು ಗ್ರೋತ್ ಫ್ಯಾಕ್ಟರ್. ಹುಟ್ಟಿನಿಂದಲೇ ಗಿಡ್ಡ ಕಾಲಿನ ಒಂದು ಜಾತಿ ಇಲಿಗಳಲ್ಲಿ ಇದರ ಜೀನ್ ಕೆಟ್ಟಿದೆ ಎಂದು 1994ರಲ್ಲಿ ಗೊತ್ತಾಯಿತು. ಅಂಥ ಇಲಿಗಳ ಡಿಸ್ಕ್ ಕೂಡ ಸರಿ ಇರುವುದಿಲ್ಲ ಎಂದು ಆಮೇಲೆ ಕಂಡಿತು. ಇದಿಲ್ಲದಿದ್ದರೆ ಡಿಸ್ಕ್ ಕೆಡುತ್ತದೆ ಎಂದಮೇಲೆ, ಕೆಟ್ಟ ಡಿಸ್ಕ್‌ಗೆ ಇದನ್ನೇ ಕೊಟ್ಟರೆ? 2006ರಲ್ಲಿ ಉತ್ತರ ಬಂತು, ಮತ್ತೆ ಮೊಲದಿಂದಲೇ. ದಪ್ಪ ಸೂಜಿಯಿಂದ ಮೊಲಗಳ ಡಿಸ್ಕ್‌ಗೆ ಚುಚ್ಚಿದರು. ನಾಲ್ಕು ವಾರದಲ್ಲಿ ಡಿಸ್ಕ್ ಕುಗ್ಗಿತು. ಆಮೇಲೆ ಸಣ್ಣ ಸೂಜಿಯಿಂದ ಒಂದೇ ಸಲ ಜಿಡಿಎಫ್-5 ಹಾಕಿದರು. ಕುಗ್ಗಿದ ಡಿಸ್ಕ್ ಮತ್ತೆ ಎತ್ತರವಾಯಿತು. ಎಕ್ಸ್‌ರೇಯಲ್ಲಿ ಅಳತೆ ಹಿಡಿದು ತೋರಿಸಬಹುದಾದಷ್ಟು.

2008ರ ಹೊತ್ತಿಗೆ ಜಾನ್ಸನ್ ಅಂಡ್ ಜಾನ್ಸನ್ ಸಮೂಹ ಇದನ್ನು ಮನುಷ್ಯರ ಪರೀಕ್ಷೆಗೆ ತಂದಿತು. ಮೊದಲು ಅಮೆರಿಕ, ಆಮೇಲೆ ಆಸ್ಟ್ರೇಲಿಯಾ, ದಕ್ಷಿಣ ಕೊರಿಯಾ. ಒಂದೊಂದು ಪರೀಕ್ಷೆಗೆ ಸೇರಿದವರು ಕೆಲವು ಡಜನ್ ಜನ ಮಾತ್ರ. ಗುಳಿಗೆ, ವ್ಯಾಯಾಮ ಮಾಡಿಯೂ ತಿಂಗಳುಗಟ್ಟಲೆ ನೋವು ಹೋಗದವರು. ಸೊಂಟದ ಒಂದು ಡಿಸ್ಕ್‌ಗೆ ಒಂದೇ ಸೂಜಿ, ಔಷಧಿ ಮಿಲಿಗ್ರಾಂ ಲೆಕ್ಕದಲ್ಲಿ. ಮೊದಲ ಪ್ರಶ್ನೆ ನೋವು ಹೋಯಿತಾ ಎಂಬುದಲ್ಲ. ಕಾಲಿನ ಶಕ್ತಿ, ಸ್ಪರ್ಶ ಸರಿ ಇದೆಯಾ, ಏನಾದರೂ ಅಪಾಯ ಆಯಿತಾ ಎಂಬುದು. ಪಪ್ಪಾಯಿ ಸೂಜಿ ಕಲಿಸಿದ ಎಚ್ಚರಿಕೆ ಅಲ್ಲಿತ್ತು.

ಆ ಪರೀಕ್ಷೆಗಳು ಮುಗಿದವು. ಔಷಧಿ ಮಾತ್ರ ಅಂಗಡಿಗೆ ಬರಲಿಲ್ಲ.

ಯಾಕೆ ಎಂದು ಯೋಚಿಸಿದಾಗಲೆಲ್ಲ ನನಗೆ ಕೊನೆಭಾಗದ ರೈತ ನೆನಪಾಗುತ್ತಾನೆ. ಮೊಲದ ಡಿಸ್ಕ್ ತೆಳ್ಳಗಿನದು. ಆಹಾರ ಬೇಗ ಒಳಗೆ ಮುಟ್ಟುತ್ತದೆ. ಪ್ರಯೋಗಕ್ಕೆ ಕೆಡಿಸಿದ್ದು ಎಳೆಯ, ಗಟ್ಟಿಮುಟ್ಟಾದ ಡಿಸ್ಕನ್ನು. ಮೊಲದ ತಿರುಳಿನಲ್ಲಿ ಹುಟ್ಟಿನ ಕಾಲದ ಒಂದು ಬಗೆಯ ಜೀವಕೋಶಗಳು ದೊಡ್ಡದಾದ ಮೇಲೂ ಇರುತ್ತವೆ. ಮನುಷ್ಯರಲ್ಲಿ ಅವು ಬಾಲ್ಯದಲ್ಲೇ ಮಾಯವಾಗುತ್ತವೆ. ಕಾಕಾನಂಥವರ ಡಿಸ್ಕ್‌ನಲ್ಲಿ ಉಳಿದಿರುವ ಕೆಲವೇ ಜೀವಕೋಶಗಳು ಅರೆಹೊಟ್ಟೆಯಲ್ಲಿವೆ. ಅವುಗಳಿಗೆ ಜಾಸ್ತಿ ದುಡಿ ಎಂದು ಹೇಳುವುದು, ಕಾಲುವೆಯಲ್ಲಿ ನೀರಿಲ್ಲದ ಕೊನೆಭಾಗದ ರೈತನಿಗೆ ಎರಡನೇ ಬೆಳೆ ತೆಗೆ ಎಂದ ಹಾಗೆ.

ಸೂಜಿಯದೇ ಇನ್ನೊಂದು ತೊಂದರೆ. ಮೊಲದ ಡಿಸ್ಕ್ ಕೆಡಿಸಿದ್ದು ಸೂಜಿ ಚುಚ್ಚಿಯೇ ಅಲ್ವಾ? ಮನುಷ್ಯರಿಗೂ ಹಾಗಾಗಬಹುದಾ? ಪರೀಕ್ಷೆಗಾಗಿ ಡಿಸ್ಕ್‌ಗೆ ಸಣ್ಣ ಸೂಜಿಯಲ್ಲಿ ಎಕ್ಸ್‌ರೇಯಲ್ಲಿ ಕಾಣುವ ದ್ರವ ಹಾಕಿಸಿಕೊಂಡವರನ್ನು ಯೂಜೀನ್ ಕ್ಯಾರಗಿ ಎಂಬ ವೈದ್ಯರ ತಂಡ 10 ವರ್ಷದ ನಂತರ ಮತ್ತೆ ನೋಡಿತು. 2009ರಲ್ಲಿ ಫಲಿತಾಂಶ ಬಂತು. ಚುಚ್ಚಿಸಿಕೊಂಡವರ ಡಿಸ್ಕ್‌ಗಳಲ್ಲಿ ನೂರಕ್ಕೆ 35 ಇನ್ನಷ್ಟು ಸವೆದಿದ್ದವು. ಚುಚ್ಚಿಸಿಕೊಳ್ಳದವರಲ್ಲಿ ನೂರಕ್ಕೆ 14. ಹಾಗಾಗಿ ಡಿಸ್ಕ್‌ಗೆ ಯಾವ ಔಷಧಿ ಹಾಕಿದರೂ ಸೂಜಿ ಮಾಡಿದ ಗಾಯಕ್ಕಿಂತ ಜಾಸ್ತಿ ಒಳ್ಳೆಯದು ಮಾಡಬೇಕು. ಇದನ್ನು ವಿಡಿಯೋದಲ್ಲಿ ಯಾರೂ ಹೇಳುವುದಿಲ್ಲ.

ಗ್ರೋತ್ ಫ್ಯಾಕ್ಟರ್‌ಗಳ ಮೇಲಿನ ನಂಬಿಕೆಗೂ ಆಗಲೇ ಪೆಟ್ಟು ಬಿತ್ತು. ಇದೇ ಕುಟುಂಬದ ಬಿಎಂಪಿ-2 ಎಂಬ ಪ್ರೋಟೀನ್‌ಗೆ 2002ರಲ್ಲಿ ಅಮೆರಿಕ ಅನುಮತಿ ಕೊಟ್ಟಿತ್ತು. ಡಿಸ್ಕ್ ಬೆಳೆಸಲು ಅಲ್ಲ, ಆಪರೇಷನ್ ಮಾಡಿ ಎರಡು ಎಲುಬು ಬೆಸೆಯಲು. ಕಂಪನಿ ದುಡ್ಡಿನ 13 ಅಧ್ಯಯನಗಳಲ್ಲಿ ಅದನ್ನು ಪಡೆದವರು 780 ಜನ. ಆ ಪ್ರೋಟೀನ್‌ನಿಂದ ಒಬ್ಬರಿಗೂ ತೊಂದರೆಯಾದ ವರದಿ ಇಲ್ಲ! 2011ರಲ್ಲಿ ಅದೇ ಕ್ಯಾರಗಿ ಮತ್ತು ಜೊತೆಯವರು ಕಡತಗಳನ್ನು ಮತ್ತೆ ತೆಗೆದು ನೋಡಿದಾಗ ಊತ, ಬೇಡದ ಕಡೆ ಎಲುಬು ಬೆಳೆದದ್ದು, ನರದ ನೋವು ಎಲ್ಲ ಹೊರಗೆ ಬಂದವು. ಬೆನ್ನು ನೋವಿನವರನ್ನು ಎಷ್ಟು ಸುಲಭವಾಗಿ ನಂಬಿಸಬಹುದು ಎಂದು ಓದುವಾಗ ಸಂಕಟವಾಯಿತು. ನೋವಿರುವವರು ಏನನ್ನಾದರೂ ನಂಬುತ್ತಾರೆ, ಅದು ಅವರ ತಪ್ಪಲ್ಲ.

ಇನ್ನೊಂದು ವಿಷಯ ಕಾಕಾನಿಗೆ ಹೇಳುವಾಗ ನಾನು ತಡವರಿಸಿದೆ. ಸವೆದ ಡಿಸ್ಕ್‌ಗೂ ನೋವಿಗೂ ನಾವು ತಿಳಿದಷ್ಟು ಗಟ್ಟಿ ನಂಟಿಲ್ಲ. 1994ರಲ್ಲಿ ಬೆನ್ನು ನೋವೇ ಇಲ್ಲದ 98 ಜನರ ಎಂಆರ್‌ಐ ಮಾಡಿದರು. ಎಲ್ಲ ಡಿಸ್ಕ್ ಸರಿ ಇದ್ದವರು ನೂರಕ್ಕೆ 36 ಮಾತ್ರ. ಅರ್ಧಕ್ಕಿಂತ ಜಾಸ್ತಿ ಜನರಿಗೆ ಒಂದಾದರೂ ಡಿಸ್ಕ್ ಉಬ್ಬಿತ್ತು, ಅವರಿಗೆ ಅದರ ಸುಳಿವೂ ಇರಲಿಲ್ಲ. ಫಿನ್ಲೆಂಡಿನಲ್ಲಿ ತದ್ರೂಪಿ ಅವಳಿ ಗಂಡಸರ 115 ಜೋಡಿಗಳನ್ನು ನೋಡಿದಾಗ, ಅಣ್ಣ ಭಾರದ ಕೆಲಸ ಮಾಡಿ ತಮ್ಮ ಕುರ್ಚಿಯಲ್ಲಿ ಕೂತಿದ್ದರೂ ಡಿಸ್ಕ್‌ಗಳ ಸವೆತ ಬಹುಪಾಲು ಒಂದೇ ರೀತಿ ಇತ್ತು. ಹೊತ್ತ ಭಾರಕ್ಕಿಂತ ಹುಟ್ಟಿನ ಪಾಲೇ ದೊಡ್ಡದು ಎಂದು 1995ರಲ್ಲಿ ಬರೆದರು.

ಕಾಕಾ ನಂಬಲಿಲ್ಲ. "30 ವರ್ಷ ಹೊತ್ತಿದ್ದು ಏನೂ ಅಲ್ಲಂತೇನು?" ಎಂದರು. ಅಲ್ಲ ಎಂದು ಯಾರೂ ಹೇಳಿಲ್ಲ. 75 ಕೆ.ಜಿ. ಹೊರುವುದು ಬೆನ್ನಿಗೆ ಒಳ್ಳೆಯದಲ್ಲ, ನೋವನ್ನು ಕೆರಳಿಸುತ್ತದೆ. ಆ ಕಪ್ಪು ಬಿಲ್ಲೆಗಳು ಚೀಲಗಳಿಂದಲೇ ಆದವು ಎಂದು ಫಿಲ್ಮ್ ಒಂದನ್ನೇ ನೋಡಿ ಹೇಳಲು ಬರುವುದಿಲ್ಲ, ಅಷ್ಟೆ.

ಮೊಲದಲ್ಲಿ ಅಳೆದದ್ದು ಡಿಸ್ಕ್‌ನ ಎತ್ತರ. ತನಗೆ ನೋವಿದೆಯೋ ಇಲ್ಲವೋ ಹೇಳಲು ಮೊಲಕ್ಕೆ ಬರುವುದಿಲ್ಲ. ಹಮಾಲರಿಗೆ ಎತ್ತರ ಕಟ್ಟಿಕೊಂಡು ಏನಾಗಬೇಕು? ರಾತ್ರಿ ಮಗ್ಗುಲು ಬದಲಿಸುವಾಗ ಜೀವ ಹೋದಂತಾಗಬಾರದು. ನೋವನ್ನು ಅಳೆಯುವುದು ಕಷ್ಟದ ಕೆಲಸ. ಡಿಸ್ಕ್‌ಗೆ ಬರೀ ಉಪ್ಪುನೀರು ಹಾಕಿದರೂ ಬಹಳ ಜನಕ್ಕೆ ನೋವು ಕಡಿಮೆಯಾಗುತ್ತದೆ. ಅದಕ್ಕೇ ಒಳ್ಳೆಯ ಪರೀಕ್ಷೆಯಲ್ಲಿ ಕೆಲವರಿಗೆ ಔಷಧಿ, ಕೆಲವರಿಗೆ ಉಪ್ಪುನೀರು. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿರುವುದಿಲ್ಲ. ಆಸ್ಟ್ರೇಲಿಯಾದ ಮೆಸೋಬ್ಲಾಸ್ಟ್ ಕಂಪನಿ ಪ್ರೋಟೀನ್ ಬದಲು ಜೀವಕೋಶಗಳನ್ನೇ ಸೂಜಿಯಲ್ಲಿ ಕೊಟ್ಟು, 404 ಜನರಲ್ಲಿ ಹೀಗೆ ಪರೀಕ್ಷೆ ಮಾಡಿತು. 2021ರಲ್ಲಿ ಫಲಿತಾಂಶ ಬಂದಾಗ, ಮೊದಲೇ ಇಟ್ಟುಕೊಂಡಿದ್ದ ಮುಖ್ಯ ಗುರಿ ಮುಟ್ಟಿರಲಿಲ್ಲ. ನೋವು ಶುರುವಾಗಿ ಬಹಳ ವರ್ಷ ಆಗದವರಲ್ಲಿ ನೋವು ತಗ್ಗಿದ್ದು ಕಂಡಿತು. ಅದನ್ನೇ ಹಿಡಿದು 2024ರಲ್ಲಿ ಇನ್ನೊಂದು ಪರೀಕ್ಷೆ ಶುರುವಾಗಿದೆ. ಅದರ ಮೇಲೆ ನನಗೆ ಆಸೆ ಇದೆ, ನಿಜವಾಗಿಯೂ ಇದೆ.

ಕಾಕಾ ನೋಡಿದ ವಿಡಿಯೋ ಮಾತ್ರ ಬೇರೆ. ದೊಡ್ಡ ಊರಿನ ಒಂದು ಕ್ಲಿನಿಕ್‌ನದು. ಅದು ಪರೀಕ್ಷೆಯಲ್ಲ, ಮಾರಾಟ. ನಮ್ಮ ದೇಶದಲ್ಲಿ ಇಂಥ ಪರೀಕ್ಷೆಗಳನ್ನು ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ಮೊದಲೇ ಬರೆಸುವುದು 2009ರಿಂದ ಕಡ್ಡಾಯ. 2019ರ ನಿಯಮಗಳ ಪ್ರಕಾರ ಪರೀಕ್ಷೆಯಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ, ಪರಿಹಾರ ಕೊಡಬೇಕು. ಸ್ಟೆಮ್ ಸೆಲ್ (ಬೇರೆ ಬಗೆಯ ಜೀವಕೋಶಗಳಾಗಿ ಬೆಳೆಯಬಲ್ಲ ಮೂಲ ಜೀವಕೋಶ) ಹೆಸರಿನಲ್ಲಿ ಬೆನ್ನಿಗೆ ಸೂಜಿ ಮಾರುವುದನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಒಪ್ಪುವುದಿಲ್ಲ. ಪರೀಕ್ಷೆಯ ಔಷಧಿಗೆ ರೋಗಿಯಿಂದ ದುಡ್ಡು ಕೇಳುವಂತಿಲ್ಲ. ಆದರೂ ಕ್ಲಿನಿಕ್‌ನವರು ಕಾಕಾನ ಹತ್ತಿರ ಮುಂಗಡ ಕೇಳಿದ್ದರು.

ಎಂಆರ್‌ಐ ಕವರಿನ ಹಿಂದೆ ಮೂರು ಪ್ರಶ್ನೆ ಬರೆದುಕೊಟ್ಟೆ. ರಿಜಿಸ್ಟ್ರಿ ನಂಬರ್ ಎಷ್ಟು? ದುಡ್ಡು ಯಾಕೆ? ತೊಂದರೆಯಾದರೆ ಜವಾಬ್ದಾರಿ ಯಾರದು? ಕಾಲು ಸೋತರೆ, ಮೂತ್ರದ ಹಿಡಿತ ತಪ್ಪಿದರೆ ಯಾರ ಮಾತಿಗೂ ಕಾಯದೆ ಅದೇ ದಿನ ಕೊಪ್ಪಳದ ಕಿಮ್ಸ್ ಆಸ್ಪತ್ರೆಗೋ ಬಳ್ಳಾರಿಯ ಬಿಎಂಸಿಆರ್‌ಸಿ (ಹಿಂದಿನ ವಿಮ್ಸ್) ಆಸ್ಪತ್ರೆಗೋ ಹೋಗಬೇಕು ಎಂದು ಕೆಳಗೆ ದಪ್ಪಕ್ಷರದಲ್ಲಿ ಸೇರಿಸಿದೆ.

ಒಂದು ವಾರ ಬಿಟ್ಟು ಕಾಕಾ ಫೋನ್ ಮಾಡಿದರು. ಕ್ಲಿನಿಕ್‌ನವರಿಗೆ ಮೊದಲನೆಯ ಪ್ರಶ್ನೆ ಕೇಳಿದ್ದರಂತೆ. "ಸಾಹೇಬ್ರು ಬಂದ ಮ್ಯಾಲೆ ಹೇಳ್ತೀವಿ ಅಂದ್ರು, ತಮ್ಮಾ. ಆಮ್ಯಾಲೆ ಫೋನ್ ಎತ್ತವಲ್ರು."